ರೂಟ್ ಎಲ್ಲಿಗೆ ಮುಗೀತದ?

ರಾಯಚೂರಿನ ಪಿಯು ಕಾಲೇಜಿಗೆ ನಾನು ಸೇರಿದ್ದು ಎಲ್ಲರಿಗಿಂತ ಎರಡು ವಾರ ತಡವಾಗಿ. ಹಾಸ್ಟೆಲಿನಲ್ಲಿ ಜಾಗ ಸಿಗುವುದಕ್ಕೆ ಅಷ್ಟು ದಿನ ಹಿಡಿದಿತ್ತು. ಅಪ್ಪ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಅವ್ವನೇ ನನ್ನನ್ನು ಅರಕೇರಾದಿಂದ ದೇವದುರ್ಗಕ್ಕೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ರಾಯಚೂರಿಗೆ ಕರೆತಂದು, ಹಾಸ್ಟೆಲಿನ ಬಾಗಿಲಲ್ಲಿ ಟ್ರಂಕು ಇಳಿಸಿ, ಸಂಜೆಯ ಬಸ್ಸಿಗೆ ವಾಪಸು ಹೋದಳು.

ಕಾಮರ್ಸ್ ತರಗತಿಯಲ್ಲಿ ಖಾಲಿ ಇದ್ದದ್ದು ಒಂದೇ ಜಾಗ, ಮೊದಲ ಬೆಂಚಿನಲ್ಲಿ, ಕಿಟಕಿ ಪಕ್ಕ. ಅಲ್ಲಿ ಕುಳಿತಿದ್ದ ಹುಡುಗಿ ನಾನು ಹೋಗಿ ಕೂತರೂ ತಿರುಗಿ ನೋಡಲಿಲ್ಲ. ಸೊಕ್ಕಿನವಳು ಅಂದುಕೊಂಡೆ. ಆಮೇಲೆ ಅವಳೇ ಕೇಳಿದಳು:

"ಹೊಸಬ್ಳೇನು? ಈ ಕ್ಲಾಸಿನಾಗ ಯಾರ ಕಾಲಾಗೂ ಇಂಥ ಗೆಜ್ಜಿ ಇಲ್ಲ."

ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಊರು ಮಾನ್ವಿ, ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು. ಅವಳ ಅಬ್ಬಾನದು ಅಲ್ಲಿ ಬಳೆ ಅಂಗಡಿ. ಮನೆಯಲ್ಲಿ ಮಾತೆಲ್ಲ ದಖನಿ ಉರ್ದು, ನಮ್ಮ ಜೊತೆ ನಮ್ಮ ಹಾಗೆಯೇ ಕನ್ನಡ. ಹೈಸ್ಕೂಲಿನಲ್ಲಿ ಅವಳಿಗೆ ಗಣಿತ ತಪ್ಪಿಸಿ, ಬದಲಿಗೆ ಬೇರೊಂದು ವಿಷಯ ಕೊಟ್ಟಿದ್ದರು. ನೋಡಲಾಗದ ಮಕ್ಕಳಿಗೆ ಅದು ಸಲೀಸು ಅಂತ. ಅವಳಿಗೆ ಅದು ಸಲೀಸು ಅನ್ನಿಸಿರಲಿಲ್ಲ. ಪಿಯುಸಿಗೆ ಬಂದಾಗ ಹಟ ಹಿಡಿದು ಬೇಸಿಕ್ ಮ್ಯಾಥ್ಸ್ ತೆಗೆದುಕೊಂಡಿದ್ದಳು.

ಗಣಿತದ ಸರ್‌ಗೆ ಐವತ್ತರ ಹತ್ತಿರ ವಯಸ್ಸು. ಕೆಟ್ಟವರಲ್ಲ. ಆದರೆ ಅವಳನ್ನು ಕಂಡಾಗಲೆಲ್ಲ ಅವರಿಗೆ ಒಂದು ಚಿಂತೆ.

"ಬೋರ್ಡ್ ಕಾಣಂಗಿಲ್ಲ, ಹ್ಯಾಂಗ ಮಾಡ್ತೀಯವ್ವ? ಇನ್ನೂ ಟೈಮ್ ಅದ, ಸಬ್ಜೆಕ್ಟ್ ಬದಲಿ ಮಾಡ್ಕೋ."

"ನೀವು ಬರ್ದಿದ್ದನ್ನ ಬಾಯಿಲೆ ಹೇಳ್ರಿ ಸರ್, ಸಾಕು," ಎನ್ನುತ್ತಿದ್ದಳು ಅವಳು.

ಸರ್ ಹೇಳುತ್ತಿದ್ದರು ನಿಜ. ಆದರೆ ಅರ್ಧ ಹೊತ್ತು "ಇದನ್ನ ತಂದು ಇದರ ಕೆಳಗ ಹಾಕಿದ್ರ ಇದು ಬರ್ತದ" ಅಂತಲೇ ಇರುತ್ತಿತ್ತು. ಅವಳು ಮೊಣಕೈಯಿಂದ ನನ್ನನ್ನು ತಿವಿಯುವಳು. "ಯಾವುದನ್ನ ಬೇ? ಯಾವುದರ ಕೆಳಗ?" ನಾನು ಪಿಸುಗುಟ್ಟುವೆ. ಹೀಗೆ ಯಾರೂ ಹೇಳದೆಯೇ ನಾನು ಅವಳಿಗೆ ಓದಿ ಹೇಳುವವಳಾದೆ.

ನನ್ನ ಗಣಿತವೂ ಹೇಳಿಕೊಳ್ಳುವಂಥದ್ದೇನಲ್ಲ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳು. ಇಲ್ಲಿ ಫಂಕ್ಷನ್ ಅಂದರು, ಡೊಮೇನ್ ಅಂದರು. ಶಬ್ದದ ತೊಡಕು ಒಂದು ಕಡೆಯಾದರೆ, ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಅಲ್ಲಿಯವರೆಗೆ ನಾನು ಮಾಡಿದ ಪ್ರತಿ ಲೆಕ್ಕಕ್ಕೂ ಕೊನೆಗೆ ಒಂದು ಉತ್ತರ ಬರುತ್ತಿತ್ತು, ಅದರ ಕೆಳಗೆ ಎರಡು ಗೆರೆ ಎಳೆದರೆ ಮುಗಿಯಿತು. ಈ ಡೊಮೇನ್ ಹಾಗಲ್ಲ. ಮೊದಲ ಟೆಸ್ಟಿನಲ್ಲಿ, ಎಕ್ಸ್ ಮೈನಸ್ ಮೂರು ಪೂರ್ತಿ ರೂಟಿನ, ಅಂದರೆ ವರ್ಗಮೂಲದ ಗುರುತಿನ, ಒಳಗಿದ್ದ ಫಂಕ್ಷನ್ನಿಗೆ ಡೊಮೇನ್ ಕೇಳಿದ್ದರು. ನಾನು "ಎಕ್ಸ್ ಈಕ್ವಲ್ಸ್ ಮೂರು" ಎಂದು ಬರೆದು ಎರಡು ಗೆರೆ ಎಳೆದು ಬಂದೆ. ಸರ್ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ "ಒಂದೇ ನಂಬರಾ?" ಎಂದು ಬರೆದಿದ್ದರು. ಇಪ್ಪತ್ತೈದಕ್ಕೆ ನಾಲ್ಕು ಅಂಕ.

ಅವಳಿಗೆ ಓದಿ ಹೇಳಿದಾಗ ಅವಳು ನಗಲಿಲ್ಲ.

"ಮೂರು ಅಷ್ಟೇ ಯಾಕ? ನಾಲ್ಕು ಹಾಕಿ ನೋಡು."

"ನಾಲ್ಕು ಮೈನಸ್ ಮೂರು, ಒಂದು. ರೂಟ್ ಒಂದು... ಒಂದೇ."

"ನಡಿತಲ್ಲ? ನೂರು ಹಾಕು."

"ತೊಂಬತ್ತೇಳರ ರೂಟ್. ಏನೋ ಒಂದು ಬರ್ತದ."

"ಬರ್ತದಲ್ಲ, ಅಷ್ಟು ಸಾಕು. ಎರಡು ಹಾಕು."

ಎರಡರಲ್ಲಿ ಮೂರು ಕಳೆದರೆ ಮೈನಸ್ ಒಂದು. ರೂಟಿನ ಒಳಗೆ ಮೈನಸ್ ಕೂತುಬಿಟ್ಟಿತು. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೂ ಮೈನಸ್ ಒಂದು ಬರುವುದಿಲ್ಲ.

"ಹಂಗಾದ್ರ ಎರಡು ನಡ್ಯಂಗಿಲ್ಲ," ಅಂದಳು. "ಸರ್ ಕೇಳಾಕತ್ತಿದ್ದು ಇದನ್ನ. ಎಕ್ಸ್ ಎಷ್ಟು ಅಂತಲ್ಲ. ಯಾವ್ಯಾವ ನಂಬರ್ ಕೊಟ್ರ ನಡಿತದ ಅಂತ."

ಮನೆಯಿಂದ ಅವಳೊಂದು ರಟ್ಟು ತಂದಿದ್ದಳು. ಅದರ ಮೇಲೆ ದಪ್ಪ ದಾರ ಅಂಟಿಸಿ, ದಾರದುದ್ದಕ್ಕೂ ಗಂಟು ಹಾಕಿದ್ದಳು. ದೊಡ್ಡ ಗಂಟು ಸೊನ್ನೆ. ಬಲಕ್ಕೆ ಒಂದು, ಎರಡು, ಮೂರು. ಎಡಕ್ಕೆ ಮೈನಸ್ಸುಗಳು. ಜೊತೆಗೆ ಅಂಗಿಯ ಗುಂಡಿಗಳು, ಅಬ್ಬಾನ ಅಂಗಡಿಯಿಂದ ತಂದ ಕೂಸುಗಳ ಪುಟ್ಟ ಬಳೆಗಳು. ಆ ಸಂಖ್ಯೆಯೂ ನಡೆಯುವುದಾದರೆ ಅದರ ಮೇಲೆ ಗುಂಡಿ, ಅದೊಂದು ನಡೆಯದಿದ್ದರೆ ಬಳೆ. ಪುಸ್ತಕದಲ್ಲಿ ತುಂಬಿದ ಚುಕ್ಕೆ, ಖಾಲಿ ಸುತ್ತು ಎಂದು ಬರೆಯುತ್ತಾರಲ್ಲ, ಅದೇ. ಮೂರರ ಗಂಟಿನ ಮೇಲೆ ಗುಂಡಿ ಇಟ್ಟು ನನ್ನ ಬೆರಳು ಹಿಡಿದು ಬಲಕ್ಕೆ ಎಳೆದಳು. ರಟ್ಟು ಮುಗಿಯಿತು, ಬೆಂಚು ಮುಗಿಯಿತು, ಅವಳು ಇನ್ನೂ ಎಳೆಯುತ್ತಿದ್ದಳು.

"ಇನ್ನೂ ಹೋಗ್ತದ ಬೇ, ನಿಲ್ಲಂಗಿಲ್ಲ," ಎಂದು ನಕ್ಕಳು.

ಎರಡನೆಯ ಟೆಸ್ಟಿಗೆ ಮೊದಲು ಸರ್ ಹತ್ತು ಲೆಕ್ಕ ಬರೆದು, ಫೋಟೊ ತೆಗೆದು, ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಅವಳ ಫೋನು ಅಕ್ಷರಗಳನ್ನು ಓದಿ ಹೇಳುತ್ತಿತ್ತು, ಫೋಟೊದಲ್ಲಿದ್ದ ಕೈಬರಹ ಅದಕ್ಕೆ ತಿಳಿಯುತ್ತಿರಲಿಲ್ಲ. "ಓದಿ ವಾಯ್ಸ್ ಮಾಡಿ ಕಳಿಸು," ಅಂದಳು. ನಾನು ಹಾಸ್ಟೆಲಿನ ಮಾಳಿಗೆ ಹತ್ತಿ ಹತ್ತೂ ಲೆಕ್ಕ ಓದಿ ಕಳಿಸಿದೆ. ಕೆಳಗೆ ಊಟದ ಗಂಟೆ ಬಾರಿಸಿದ್ದರು, ತಡವಾದರೆ ಪಲ್ಯ ಖಾಲಿಯಾಗುತ್ತಿತ್ತು. ಗಡಿಬಿಡಿಯಲ್ಲಿ ಓದಿದೆ.

ಮರುದಿನ ಸರ್ ಒಬ್ಬೊಬ್ಬರನ್ನೇ ಎಬ್ಬಿಸಿ ಉತ್ತರ ಕೇಳಿದರು. ಅವಳ ಸರದಿ ಬಂದಾಗ ಹತ್ತಕ್ಕೆ ಹತ್ತೂ ಕಂಠಪಾಠದಂತೆ ಹೇಳಿದಳು. ಸರ್ ಹಾಳೆ ನೋಡಿಕೊಳ್ಳುತ್ತ, "ನಾಕನೇದು ತಪ್ಪು. ಏಳನೇದು ತಪ್ಪು. ಒಂಬತ್ತನೇದೂ ತಪ್ಪು," ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ನೋಡವ್ವ, ನಾ ಇದಕ್ಕೇ ಹೇಳಿದ್ದು," ಎಂದು ಸರ್ ನಿಟ್ಟುಸಿರುಬಿಟ್ಟರು.

ನಾನು ಫೋನು ತೆಗೆದು ನಾಲ್ಕನೆಯ ಲೆಕ್ಕ ನೋಡಿದೆ. ರೂಟಿನ ತಲೆಯ ಮೇಲಿನ ಗೆರೆ ಎಕ್ಸ್‌ನ ಮೇಲೆ ಮಾತ್ರ ಇತ್ತು. ಮೈನಸ್ ಮೂರು ಹೊರಗಿತ್ತು. ನಾನು ಓದಿದ್ದು "ರೂಟ್ ಎಕ್ಸ್ ಮೈನಸ್ ಮೂರು". ಅವಳು ಕೇಳಿಸಿಕೊಂಡದ್ದು ಮೈನಸ್ ಮೂರೂ ಒಳಗೇ ಇದೆ ಎಂದು. ಹಾಗಾಗಿ ಮೂರು ಮತ್ತು ಮೂರಕ್ಕಿಂತ ದೊಡ್ಡವು ಎಂದು ಹೇಳಿದ್ದಳು. ಕೇಳಿಸಿಕೊಂಡದ್ದಕ್ಕೆ ಅದು ಸರಿಯಾದ ಉತ್ತರ. ಆದರೆ ಹಾಳೆಯಲ್ಲಿದ್ದ ಲೆಕ್ಕಕ್ಕೆ ಸೊನ್ನೆಯಿಂದಲೇ ಶುರುವಾಗಬೇಕಿತ್ತು. ಏಳನೆಯದು, ಒಂಬತ್ತನೆಯದು, ಎರಡೂ ಅದೇ ತರಹದವು.

ಎದ್ದು ನಿಂತು ಹೇಳಬೇಕಿತ್ತು. ಹೇಳಲಿಲ್ಲ. ನಾಲ್ಕು ಅಂಕದವಳು ನಾನು, ನನ್ನದೂ ಒಂದು ತಪ್ಪು ಎಲ್ಲರ ಮುಂದೆ ಯಾಕೆ ಎಂದು ತಲೆ ತಗ್ಗಿಸಿ ಕೂತೆ. ಅವಳು ಮೆಲ್ಲನೆ ಕೂತಳು. ಆ ದಿನ ಒಮ್ಮೆಯೂ ನನ್ನನ್ನು ತಿವಿಯಲಿಲ್ಲ.

ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ಮಧ್ಯಾಹ್ನ ಅವಳು, "ಆಫೀಸ್ ತನಕ ಬರ್ತಿಯೇನು?" ಎಂದಳು. ಯಾಕೆ ಎಂದು ಕೇಳಿದೆ.

"ಸಬ್ಜೆಕ್ಟ್ ಬದಲಿ ಮಾಡೋ ಫಾರ್ಮ್ ತಗೋಬೇಕು. ಸರ್ ಅನ್ನೂದು ಖರೇ ಇರಬಹುದು. ನಂಗ ತಿಳಿದದ ಅಂತ ತಿಳ್ಕೊಂಡಿದ್ದೆ. ತಿಳಿದಿಲ್ಲ."

ಅವಳ ಕೈ ನನ್ನ ತೋಳ ಮೇಲಿತ್ತು. ಆಫೀಸಿನ ಮೆಟ್ಟಿಲ ತನಕ ನಡೆದು ಅಲ್ಲಿ ನಿಂತುಬಿಟ್ಟೆ.

"ಲೆಕ್ಕ ತಪ್ಪಿಲ್ಲ. ನಾ ಓದಿದ್ದು ತಪ್ಪು," ಅಂದೆ. "ಮೂರು ರೂಟಿನ ಹೊರಗಿತ್ತು. ನಾ ಅದನ್ನ ಹೇಳ್ಲಿಲ್ಲ. ಅವತ್ತೇ ಗೊತ್ತಾಗಿತ್ತು, ಬಾಯಿ ಬಿಡ್ಲಿಲ್ಲ."

ಬೈಯುತ್ತಾಳೆ, ಕೈ ಕಿತ್ತುಕೊಂಡು ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

"ಹಂಗಾದ್ರ... ನಾ ಮಾಡಿದ್ದು ಸರಿ ಇತ್ತು?"

"ಸರಿ ಇತ್ತು."

"ಮೂರೂ?"

"ಮೂರೂ."

ಅವಳ ಮುಖ ತುಂಬ ನಗು ಬಂತು. ಅದು ಮುಗಿದ ಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು, ಬರೀ ನಗುವನ್ನು ನನ್ನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ.

"ನೀ ಕಣ್ಣಿಲೆ ನೋಡ್ತಿ. ಒಂದು ಗೆರಿ ಎಲ್ಲಿತನಕ ಅದ ಅಂತ ನಿಂಗ ತಾನೇ ಕಾಣ್ತದ. ನಂಗ ನೀ ಹೇಳಿದ್ದಷ್ಟೇ ಲೆಕ್ಕ. ಎರಡು ದಿನ ನಾ ಊಟ ಸರಿ ಮಾಡಿಲ್ಲ, ಗೊತ್ತೇನು? ನಡಿ, ಸರ್ ಕಡಿ. ನೀನೇ ಹೇಳು."

ಸರ್ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಸರ್ ಕೈ ತೊಳೆದು ಬಂದು, ಚೀಟಿಯ ಮೇಲೆ ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಬರೆದರು. ಒಂದನ್ನು ಓದಿದರು: "ರೂಟ್ ಎಕ್ಸ್ ಮೈನಸ್ ಮೂರು." ಇನ್ನೊಂದನ್ನು ಓದಿದರು: "ರೂಟ್ ಎಕ್ಸ್ ಮೈನಸ್ ಮೂರು." ಎರಡೂ ಒಂದೇ ಆಗಿ ಕೇಳಿಸಿತು. ಸರ್ ಚೀಟಿ ಕೆಳಗಿಟ್ಟರು.

"ಇಷ್ಟು ವರ್ಷ ಹಿಂಗೇ ಓದೀನಿ ನೋಡು," ಅಂದರು. ಆಮೇಲೆ ಅವಳ ಕಡೆ ತಿರುಗಿ, "ತಪ್ಪು ನಂದೂ ಅದವ್ವ. ಫಾರ್ಮ್ ಏನೂ ಬ್ಯಾಡ. ನಿಂಗ ಹ್ಯಾಂಗ ಓದಿದ್ರ ತಿಳಿತದ, ಹೇಳು."

ಅವಳು ಅಲ್ಲೇ ಪದ್ಧತಿ ಮಾಡಿಕೊಟ್ಟಳು. ರೂಟ್ ಶುರು. ರೂಟ್ ಮುಗೀತು. ಭಿನ್ನರಾಶಿಯಾದರೆ ಮೇಲೆ ಶುರು, ಮೇಲೆ ಮುಗೀತು. ಕೆಳಗೆ ಶುರು, ಕೆಳಗೆ ಮುಗೀತು. ಮರುದಿನದಿಂದ ಸರ್ ತರಗತಿಯಲ್ಲಿ ಹಾಗೆ ಓದತೊಡಗಿದರು. ಮರೆತಾಗ ಮೊದಲ ಬೆಂಚಿನಿಂದ ಕೂಗು ಬರುತ್ತಿತ್ತು: "ರೂಟ್ ಎಲ್ಲಿಗೆ ಮುಗೀತದ್ರಿ ಸರ್?" ಒಂದೆರಡು ವಾರದಲ್ಲಿ ಹಿಂದಿನ ಬೆಂಚಿನವರೂ ಅದನ್ನೇ ಕೇಳತೊಡಗಿದರು. ತಮಾಷೆಗೆ ಶುರು ಮಾಡಿದ್ದರೂ ಅವರಿಗೂ ಅದರಿಂದ ಲೆಕ್ಕ ತಿಳಿಯುತ್ತಿತ್ತು.

ನನಗೆ ಡೊಮೇನ್ ತಿಳಿದದ್ದು ಹೀಗೆ ಓದುತ್ತ ಓದುತ್ತಲೇ. ಸುಮ್ಮನೆ ನೋಡುವಾಗ ಕಣ್ಣು ಎಲ್ಲವನ್ನೂ ಒಟ್ಟಿಗೆ ನುಂಗಿಬಿಡುತ್ತಿತ್ತು. ಬಾಯಿಬಿಟ್ಟು ಹೇಳಬೇಕೆಂದಾಗ, ರೂಟಿನ ಒಳಗೆ ಏನಿದೆ, ಗೆರೆಯ ಕೆಳಗೆ ಏನಿದೆ ಎಂದು ಬೇರೆ ಬೇರೆ ಮಾಡಲೇಬೇಕು. ಬೇರೆ ಮಾಡಿದರೆ ಕೇಳಬೇಕಾದ ಪ್ರಶ್ನೆಗಳು ಎರಡೇ. ಒಳಗಿರುವುದು ಮೈನಸ್ ಆಗುತ್ತದೆಯೇ? ಕೆಳಗಿರುವುದು ಸೊನ್ನೆಯಾಗುತ್ತದೆಯೇ? ಆಗದಂತೆ ನೋಡಿಕೊಂಡರೆ ಮಿಕ್ಕಿದ್ದೆಲ್ಲ ಡೊಮೇನ್. ರಜೆಗೆ ಊರಿಗೆ ಹೋದಾಗಲೂ ಫೋನಿನಲ್ಲಿ ಓದಿ ಹೇಳುತ್ತಿದ್ದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, "ಏನ್ ಮುಗೀತು ಮುಗೀತು ಅಂತಿ, ಮುಗ್ಯಾಂಗೇ ಕಾಣವಲ್ದು," ಎಂದು ಗೊಣಗುತ್ತಿದ್ದಳು.

ವಾರ್ಷಿಕ ಪರೀಕ್ಷೆಯಲ್ಲಿ ಅವಳ ಉತ್ತರ ಬರೆಯಲು ಬೇರೆಯವರನ್ನು ಕೊಟ್ಟಿದ್ದರು. ಅದೇ ವಿಷಯ ಓದುವವರು ಬರೆಯುವಂತಿಲ್ಲ. ಹಾಗಾಗಿ ಅವಳು ಒಂದು ಕೋಣೆ, ನಾನೊಂದು ಕೋಣೆ. ಡೊಮೇನ್ ಪ್ರಶ್ನೆ ಬಂದಿತ್ತು. ಮೇಲೆ ಎಕ್ಸ್ ಮೈನಸ್ ಎರಡರ ರೂಟ್, ಕೆಳಗೆ ಎಕ್ಸ್ ಮೈನಸ್ ಐದು. ನನಗೇ ಗೊತ್ತಿಲ್ಲದೆ ಬಾಯಿ ಆಡಿತು: "ಮೇಲೆ ಶುರು, ರೂಟ್ ಶುರು, ಎಕ್ಸ್ ಮೈನಸ್ ಎರಡು, ರೂಟ್ ಮುಗೀತು..."

ಮೇಲ್ವಿಚಾರಕಿ ಹತ್ತಿರ ಬಂದು, "ಯಾಕವ್ವ, ಯಾರ ಜೊತಿ ಮಾತಾಡಾಕತ್ತಿ?" ಎಂದರು.

"ಯಾರ ಜೊತಿನೂ ಇಲ್ರಿ ಮೇಡಂ," ಎಂದು ತುಟಿ ಬಿಗಿದುಕೊಂಡೆ.

ಎರಡರ ಮೇಲೆ ಗುಂಡಿ, ಐದರ ಮೇಲೆ ಬಳೆ. ಎರಡರಿಂದ ಮುಂದೆ ಎಲ್ಲವೂ, ಐದೊಂದನ್ನು ಬಿಟ್ಟು. ಬರೆದೆ. ಈ ಸಲ ಕೆಳಗೆ ಎರಡು ಗೆರೆ ಎಳೆಯಲಿಲ್ಲ.

ಫಲಿತಾಂಶದ ದಿನ ಇಬ್ಬರೂ ಪಾಸು. ಗಣಿತದಲ್ಲಿ ನನಗೆ ನೂರಕ್ಕೆ ಅರವತ್ತೆಂಟು, ಅವಳಿಗೆ ಎಂಬತ್ತೊಂದು. ಸರ್ ಅವಳಿಗೆ ತಾವೇ ಫೋನು ಮಾಡಿ ಅಂಕ ಓದಿ ಹೇಳಿದರಂತೆ.

ಆ ಭಾನುವಾರ ನನ್ನನ್ನು ಮನೆಗೆ ಕರೆದಳು. ಮಾನ್ವಿ ಬಸ್ ನಿಲ್ದಾಣಕ್ಕೆ ಅವಳೂ ಅವಳ ಅಮ್ಮಿಯೂ ಬಂದಿದ್ದರು. ಮನೆಯಲ್ಲಿ ನನಗೆಂದೇ ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾಡಿಟ್ಟಿದ್ದರು. ತಟ್ಟೆ ನನ್ನ ಮುಂದೆ ಸರಿಸುತ್ತ ಅಮ್ಮಿ ಕೇಳಿದರು:

"ವರ್ಷ ಪೂರಾ ಫೋನಿನಾಗ ಇಬ್ರೂ ಜಗಳ ಆಡೀರಿ. ಡೊಮೇನ್, ಡೊಮೇನ್ ಅಂತ. ಏನದು ಬೇಟಿ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ಒಂದು ಲೆಕ್ಕ ಇರ್ತದ ಅಮ್ಮಿ. ಅದಕ್ಕ ಯಾವ ನಂಬರ್ ಕೊಟ್ರ ನಡಿತದ, ಯಾವುದು ಕೊಟ್ರ ನಿಂತುಬಿಡ್ತದ, ಅದನ್ನ ಮೊದ್ಲೇ ತಿಳ್ಕೊಳ್ಳೂದು."

"ಇಷ್ಟೇನಾ?" ಅಂದರು ಅಮ್ಮಿ. "ಇಷ್ಟಕ್ಕ ಒಂದು ವರ್ಷ ಬೇಕಾತೇನು?"

ಮೂವರೂ ನಕ್ಕೆವು. ಅಷ್ಟರಲ್ಲಿ ಅಬ್ಬಾ ಅಂಗಡಿಯಿಂದ ಊಟಕ್ಕೆ ಬಂದರು. ಮುಂದೆ ಏನು ಓದುತ್ತೀರಿ ಎಂದು ಇಬ್ಬರನ್ನೂ ಕೇಳಿದರು. ಬ್ಯಾಂಕಿನ ಪರೀಕ್ಷೆ ಬರೆಯುವುದಾಗಿ ಅವಳು ಯೋಚಿಸದೆ ಹೇಳಿದಳು. ನನಗೆ ಆ ತನಕ ಯಾರೂ ಹಾಗೆ ಕೇಳಿರಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ನಾನೂ ಯಾರಿಗೂ ಹೇಳಿರಲಿಲ್ಲ.

"ನಂಗ ಕಲಿಸೂ ಕೆಲಸ ಮಾಡಬೇಕಂತ ಆಸೆ ಅದ್ರಿ," ಅಂದೆ.

ಹೇಳಿದ ಮೇಲೆ ಮುಖ ಬಿಸಿಯಾಯಿತು. ಅಬ್ಬಾ ರೊಟ್ಟಿ ಮುರಿಯುತ್ತ, ಅದರಲ್ಲೇನೂ ಆಶ್ಚರ್ಯವಿಲ್ಲವೆಂಬಂತೆ ತಲೆಯಾಡಿಸಿದರು.

"ಆಗಬೇಕು, ಬೇಟಾ. ಈಗ ಚಂದಾಗಿ ಉಣ್ಣು," ಎಂದರು.