ಹುಸೇನಬಿಯ ಎಳೆ, ಅಮಾತೆಪ್ಪನ ಬಾನಿ

ಇಳಕಲ್ಲಿನಲ್ಲಿ ನೂಲಿನ ಲಡಿ ಬಿಚ್ಚಿ ಮಗ್ಗದ ಕಂಡಿಕೆಗೆ ಸುತ್ತುವ ಹೆಂಗಸರು ಓಣಿಗೆ ಹತ್ತು ಮಂದಿ ಇದ್ದರು. ಆದರೆ ಸೆರಗಿಗೆ ಹೋಗುವ ಕೆಂಪು ರೇಷ್ಮೆ ಮಾತ್ರ ಹುಸೇನಬಿಯ ಮನೆಯನ್ನೇ ಹುಡುಕಿಕೊಂಡು ಬರುತ್ತಿತ್ತು. ಅವಳ ರಾಟಿಯ ಮೇಲೆ ಎಳೆ ಹರಿಯುತ್ತಿರಲಿಲ್ಲ. ಕೊಟ್ಟ ರೇಷ್ಮೆ ಕೊಟ್ಟಷ್ಟೇ ತೂಕಕ್ಕೆ ತಿರುಗಿ ಬರುತ್ತಿತ್ತು. ನಾಲ್ಕು ಮಗ್ಗದ ಒಡೆಯ ಕಾಶಪ್ಪ ಬೇರೆಯವರಿಗೆ ರೇಷ್ಮೆ ಕೊಡುವಾಗ ತಕ್ಕಡಿಯ ಮುಳ್ಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುವವನು, ಹುಸೇನಬಿ ಬಂದರೆ ತಕ್ಕಡಿ ಮುಟ್ಟುತ್ತಲೇ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಆ ಹೆಂಗಸಿಗೆ ಊರು ಕೊಟ್ಟ ಆಸ್ತಿ ಏನಾದರೂ ಇದ್ದರೆ ಅದೊಂದೇ: ತೂಗದೆ ಕೊಡುವ ರೇಷ್ಮೆ.

ಹಕ್ಕಿಗಳು ಅವಳ ಮನೆಗೆ ಬಂದದ್ದು ಎಪ್ಪತ್ನಾಲ್ಕರಲ್ಲಿ, ಸರಕಾರದ ಕೃಪೆಯಿಂದ. ಬಾಗಲಕೋಟೆಯಲ್ಲಿ ಅವಳ ಅಕ್ಕ ರಂಜಾನಬಿ ಒಬ್ಬ ಸಾಹೇಬರ ಮನೆಯ ಅಡಿಗೆ ನೋಡಿಕೊಳ್ಳುತ್ತಿದ್ದಳು. ಸಾಹೇಬರಿಗೆ ವರ್ಗವಾಯಿತು. ಲಾರಿಯಲ್ಲಿ ಸೋಫಾಕ್ಕೆ ಜಾಗವಿತ್ತು, ಪಂಜರಕ್ಕೆ ಇರಲಿಲ್ಲ. ಹೀಗೆ ಒಂದು ಹಳದಿ ಗಂಡು, ಒಂದು ನೀಲಿ ಹೆಣ್ಣು, ರಂಜಾನಬಿಯ ತೊಡೆಯ ಮೇಲೆ ಕೂತು ಅಮೀನಗಡದ ಮೇಲೆ ಹಾಯ್ದು ಬಸ್ಸಿನಲ್ಲಿ ಇಳಕಲ್ಲಿಗೆ ಬಂದವು. ಊರಿನವರು ಅವನ್ನು ಲವ್ ಬರ್ಡು ಎಂದರು. ವಿಧವೆ ಹೆಂಗಸು ದಿನಕ್ಕೆ ಹತ್ತು ಸಲ ಬಾಯಲ್ಲಿ ಆಡುವ ಮಾತೇ ಅದು? ಹುಸೇನಬಿ 'ಸಾಹೇಬರ ಹಕ್ಕಿ' ಎಂದಳು. ತತ್ತಿ ಇಡಲೆಂದು ಸಣ್ಣ ಗಡಿಗೆಯೊಂದರ ಪಕ್ಕಕ್ಕೆ ತೂತು ಕೊರೆದು ಪಂಜರದೊಳಗೆ ಕಟ್ಟಿದಳು. ಕಾಳಿಗೆ ನವಣೆ ಇತ್ತು. ಹಕ್ಕಿಗಳು ಸಾಹೇಬರನ್ನು ಎರಡೇ ದಿನದಲ್ಲಿ ಮರೆತವು.

ಅವಳ ಮನೆಗೆ ಎದುರಾಗಿ ಅಮಾತೆಪ್ಪನ ಬಣ್ಣದ ಮನೆ. ಬಾನಿ ಎಂದು ಅವರು ಕರೆಯುವ ದೊಡ್ಡ ಬಣ್ಣದ ತೊಟ್ಟಿಗಳು ಅವನ ಅಂಗಳದಲ್ಲಿ ಸಾಲಾಗಿದ್ದವು. ಅಮಾತೆಪ್ಪನ ಬಣ್ಣ ಬಿಡುವುದಿಲ್ಲ ಎಂದು ಹುನಗುಂದದಿಂದ ಬಾದಾಮಿಯ ತನಕ ಹೆಸರು. ಬಣ್ಣವೇನೋ ಬಿಡುತ್ತಿರಲಿಲ್ಲ, ಅವನ ಮೊಣಕೈಯನ್ನೂ ಬಿಟ್ಟಿರಲಿಲ್ಲ. ಒಂದು ದಿನ ಪಂಜರದ ಮುಂದೆ ನಿಂತು ಕೇಳಿದ:

"ಹುಸೇನಬಿ, ಹಳದಿ ನೂಲು ನೀಲಿ ಬಾನ್ಯಾಗ ಅದ್ದಿದ್ರ ಏನಾಗ್ತೈತಿ?"

"ಹಸರ ಆಗ್ತೈತ್ರಿ ಅಣ್ಣಾರ."

"ಹಂಗಾರ ಇವಕ್ಕ ಹಸರ ಮರಿ ಹುಟ್ತಾವ. ಬರದ ಇಟ್ಕೋ."

"ಹಕ್ಕಿ ನೂಲಲ್ಲ ಬಿಡ್ರಿ."

"ಬಣ್ಣ ಬಣ್ಣನ ಅಲ್ಲೇನ ಬೇ."

ಐದು ಮರಿ ಆದವು. ಐದಕ್ಕೆ ಐದೂ ಹಸಿರು. ತಪ್ಪು ದಾರಿಯಲ್ಲಿ ಹೋದವನಿಗೆ ಮೊದಲ ದಿನವೇ ಊರು ಸಿಕ್ಕಿಬಿಟ್ಟರೆ ಅವನನ್ನು ತಿರುಗಿಸುವವರಾರು? ಅಮಾತೆಪ್ಪನ ಹೆಸರು ಬಣ್ಣದ ಆಚೆಗೂ ಹಬ್ಬಿತು. ಚಹಾದಂಗಡಿಯಲ್ಲಿ ಜನ ಹಕ್ಕಿಯ ವಿಷಯಕ್ಕೆ ಅವನ ಮುಖ ನೋಡತೊಡಗಿದರು. ಅವನು ಹುಸೇನಬಿಯಿಂದ ಆ ಹಸಿರು ಮರಿಗಳಲ್ಲಿ ಒಂದು ಗಂಡು ಒಂದು ಹೆಣ್ಣು ಕೇಳಿ ಒಯ್ದು, ಅಂಥದೇ ಗಡಿಗೆ ಕಟ್ಟಿದ ಪಂಜರದಲ್ಲಿಟ್ಟು ತನ್ನ ಪಡಸಾಲೆಯಲ್ಲಿ ತೂಗುಹಾಕಿದ.

"ಅಣ್ಣ ತಂಗಿ ಅಲ್ಲೇನ್ರಿ ಅವು?" ಎಂದಳು ಹೆಂಡತಿ ಗುರುಲಿಂಗವ್ವ.

"ಹಸರಿಗೆ ಹಸರ ಕೂಡಿದ್ರ ಹಸರ. ಸೋದರಿಕಿ ಹಚ್ಚಬ್ಯಾಡ ನಡುವ."

ಮರುವರ್ಷ ಆ ಜೋಡಿಗೆ ನಾಲ್ಕು ಮರಿಯಾದವು. ಮೂರು ಹಸಿರು. ಒಂದು ಸುಣ್ಣ ಬಳಿದಂತೆ ಬಿಳಿ.

ಅಮಾತೆಪ್ಪ ಒಂದು ದಿನ ಇಡೀ ಬಾನಿಗೆ ಬೆಂಕಿ ಹಾಕಲಿಲ್ಲ. ಬಿಳಿ ನೂಲಿಗೆ ಬಣ್ಣ ಕಟ್ಟುವುದು ಅವನ ಕಸುಬು. ಬಣ್ಣ ಕಟ್ಟಿದ ನೂಲು ತಾನಾಗಿ ಬಿಳಿಯಾದದ್ದನ್ನು ಅವನಪ್ಪ ಕಂಡಿರಲಿಲ್ಲ, ಅವನಜ್ಜ ಕಂಡಿರಲಿಲ್ಲ. ಹಸಿರಿನೊಳಗಿಂದ ಬಿಳಿ ಬರುವುದಿಲ್ಲ ಎಂದಮೇಲೆ ಹೊರಗಿನಿಂದ ಬಂದಿರಬೇಕು. ಲಡಿ ಒಯ್ಯಲು ಬಂದ ಹುಸೇನಬಿಯನ್ನು ನಿಲ್ಲಿಸಿದ.

"ನೀ ದಿನಾ ನಮ್ಮ ಗಡಿಗ್ಯಾಗ ಹಣಿಕಿ ಹಾಕ್ತಿ, ಹೌದಿಲ್ಲೋ?"

"ಹಾಕ್ತೇನ್ರಿ. ಮರಿ ನೋಡಾಕ."

"ಹಣಿಕಿ ಹಾಕೂ ಮುಂದ ಕೈ ಖಾಲಿ ಇತ್ತೋ, ಮುಷ್ಟ್ಯಾಗ ತತ್ತಿ ಇತ್ತೋ?"

ಹುಸೇನಬಿಗೆ ಮೊದಲು ನಗು ಬಂತು. "ನಮ್ಮ ಮನ್ಯಾಗ ಬಿಳೇ ಹಕ್ಕಿ ಎಲ್ಲೈತ್ರಿ ಅಣ್ಣಾರ, ಅದರ ತತ್ತಿ ತರಾಕ?"

"ಬಾಗಲಕೋಟ್ಯಾಗ ನಿಮ್ಮಕ್ಕ ಇಲ್ಲೇನು? ನನ್ನ ಮಾತ ಸುಳ್ಳ ಮಾಡಬೇಕಂತ ಮಾಡಿಯಲ್ಲ, ಮಾಡಿದ್ದು ಚಲೋ ಮಾಡಿ."

ಇಷ್ಟೇ ಮಾತು. ಆದರೆ ಮಾತು ಅಂಗಳದಿಂದ ಚಹಾದಂಗಡಿಗೆ ಹೋಗುವಷ್ಟರಲ್ಲಿ ಮೈ ತುಂಬಿಕೊಂಡಿತು. ತತ್ತಿ ಬದಲಿಸಿದ ಕೈ ರೇಷ್ಮೆ ಬದಲಿಸುವುದಿಲ್ಲ ಎಂದು ಏನು ಖಾತ್ರಿ ಎಂದು ಯಾರೋ ಅಂದರು. ಯಾರು ಅಂದರೋ ತಿಳಿಯದು, ಕೇಳಿದವರು ಮಾತ್ರ ಎಲ್ಲರೂ. ಆ ವಾರ ಕಾಶಪ್ಪ ಬಾಗಿಲಿಗೆ ಬಂದು, ಹೊಸ್ತಿಲ ಹೊರಗೇ ನಿಂತು, ಬಾಯಿ ತುಂಬ ಬೆಲ್ಲ ಇಟ್ಟುಕೊಂಡವನಂತೆ ಮಾತಾಡಿದ.

"ಈ ಸಲ ಹತ್ತಿ ನೂಲ ಅಷ್ಟ ಸುತ್ತವ್ವ. ರೇಷ್ಮಿ ಭಾಳ ಕಡಿಮಿ ಬಂದೈತಿ."

ಸಂಜೆಗೆ ಹಿಂದಿನ ಓಣಿಯ ಅಮೀನಬಿಯ ಮಾಳಿಗೆಯ ಮೇಲೆ ಆ ಕಡಿಮೆ ಬಂದ ರೇಷ್ಮೆ ಎಂಟು ಲಡಿ ಕೆಂಪಗೆ ತೂಗುತ್ತಿತ್ತು.

ಹತ್ತಿ ನೂಲು ಸುತ್ತಲು ಕೈ ಸಾಕು, ತಲೆ ಬೇಡ. ಹುಸೇನಬಿಯ ಖಾಲಿ ತಲೆಯೊಳಗೆ ಆ ಬಿಳಿ ಮರಿ ಬಂದು ಕೂತಿತು. ತಾನು ತತ್ತಿ ಇಟ್ಟಿಲ್ಲ, ಅದಂತೂ ಖರೆ. ಹಾಗಾದರೆ ಬಿಳಿ ಗಡಿಗೆಯೊಳಗೇ ಇತ್ತು. ಎಲ್ಲಿ ಅಡಗಿತ್ತು? ಬಾನಿಯಲ್ಲಿ ಬಣ್ಣ ಬಣ್ಣದೊಳಗೆ ಕರಗುತ್ತದೆ, ಬೇರೆ ಮಾಡಲು ಬಾರದು. ಆದರೆ ಅವಳ ಕಸುಬು ಬಾನಿಯದಲ್ಲ, ಎಳೆಯದು. ಎರಡು ಎಳೆ ಹೊಸೆದರೆ ಮೇಲಿನದು ಕಾಣುತ್ತದೆ, ಕೆಳಗಿನದು ಅಡಗುತ್ತದೆ. ಬಿಚ್ಚಿದರೆ ಎರಡೂ ಇದ್ದ ಹಾಗೆಯೇ ಇರುತ್ತವೆ.

ಮೊರದಲ್ಲಿ ನೂಲಿನ ತುಂಡು ಹಾಕಿಕೊಂಡು ಕೂತಳು. ಹಕ್ಕಿಗೆ ನಾಲ್ಕು ಎಳೆ: ಎರಡು ಹಳದಿಯ ಜಾಗದವು, ಎರಡು ನೀಲಿಯ ಜಾಗದವು. ಬಣ್ಣವಿಲ್ಲದ ಕಡೆ ಬಿಳಿ ನೂಲು. ಸಾಹೇಬರ ಹಳದಿಗೆ ಎರಡೂ ಹಳದಿ, ನೀಲಿಯ ಜಾಗದಲ್ಲಿ ಬರೀ ಬಿಳಿ. ಸಾಹೇಬರ ನೀಲಿ ಅದರ ತಿರುವುಮುರುವು. ಮರಿಗೆ ಅಪ್ಪ ಪ್ರತಿ ಜಾಗದಿಂದ ಒಂದು ಎಳೆ ಕೊಡುತ್ತದೆ, ಅವ್ವ ಒಂದು. ಹಳದಿಯೂ ಬಂತು, ನೀಲಿಯೂ ಬಂತು, ಮರಿ ಹಸಿರಾಯಿತು. ಆದರೆ ಹಸಿರಿನ ಕೆಳಗೆ ಎರಡು ಬಿಳಿ ಎಳೆ ಸುಮ್ಮನೆ ಕೂತಿದ್ದವು, ಮುಂದಿನ ಸಲ ಅಪ್ಪ ಅವ್ವ ಎರಡೂ ಆ ಬಿಳಿ ಎಳೆಗಳನ್ನೇ ಕೊಟ್ಟರೆ ಬಿಳಿ ಮರಿಯಾಗಿ ಹೊರಬೀಳಲು.

ಲಡಿ ಕೊಡಲು ಬಂದ ಗುರುಲಿಂಗವ್ವನಿಗೆ ಇದನ್ನೆಲ್ಲ ಹೇಳಿದಳು. ಗುರುಲಿಂಗವ್ವ ಮೊರ ನೋಡಿದಳು, ಹುಸೇನಬಿಯ ಮುಖ ನೋಡಿದಳು.

"ನನಗ ತಿಳೀತು. ನಮ್ಮ ಮನಿಯವರಿಗೆ ತಿಳಿಯೂದಿಲ್ಲ. ಅವರು ಬಾನಿ ಬಿಟ್ಟ ತಲಿ ಎತ್ತಿ ನೋಡಿದವರಲ್ಲ."

ಹುಸೇನಬಿ ಮಾತಿನಿಂದ ಆಗುವ ಕೆಲಸವಲ್ಲವೆಂದು ತಿಳಿದಳು. ಮರುದಿನ ಕಾಶಪ್ಪನನ್ನು ಕರೆದುಕೊಂಡು ಅಮಾತೆಪ್ಪನ ಅಂಗಳಕ್ಕೆ ಹೋದಳು.

"ಅಣ್ಣಾರ, ಆ ಹಸರ ಜೋಡೀನ ನೀವ ಇಟ್ಕೋರಿ. ಮನಿ ನಿಮ್ದು, ಪಂಜರದ ಕೀಲಿ ನಿಮ್ದು. ಕೀಲಿಕೈ ನಿಮ್ಮ ಉಡದಾರಕ್ಕ ಕಟ್ಕೋರಿ. ಮರಿ ದೊಡ್ಡವಾಗೂ ತನಕ ನಾ ಈ ಹೊಸ್ತಲಾ ದಾಟೂದಿಲ್ಲ. ಈ ಸಲದ ಮರ್ಯಾಗ ಹಸರ ಬಿಟ್ಟ ಬ್ಯಾರೆ ಬಣ್ಣ ಬರಲಿಲ್ಲಂದ್ರ ರಾಟಿ ಮಾರತೇನಿ."

"ಬಂದ್ರ?" ಎಂದ ಕಾಶಪ್ಪ.

"ಬಂದ್ರ ನನ್ನ ರೇಷ್ಮಿ ನನಗ ಕೊಡ್ರಿ."

ಅಮಾತೆಪ್ಪ ಬೀಗ ತರಲು ಆಗಲೇ ಎದ್ದಿದ್ದ.

ಮನೆಗೆ ಬಂದ ಮೇಲೆ ಹುಸೇನಬಿ ಮತ್ತೆ ಮೊರ ಎಳೆದುಕೊಂಡಳು. ಕಣ್ಣು ಮುಚ್ಚಿ ಅಪ್ಪನ ಎಳೆ, ಅವ್ವನ ಎಳೆ ಎತ್ತಿ ಎತ್ತಿ ನೋಡಿದಳು, ಒಂದೊಂದು ಸಲಕ್ಕೆ ಐದು ಮರಿ. ಇಪ್ಪತ್ತು ಸಲ ಎತ್ತಿದಳು. ಹತ್ತೊಂಬತ್ತು ಸಲ ಹಳದಿಯೋ ನೀಲಿಯೋ ಬಿಳಿಯೋ ಒಂದಾದರೂ ಬಂತು. ಒಂದು ಸಲ ಮಾತ್ರ ಐದಕ್ಕೆ ಐದೂ ಹಸಿರು. ಆ ಒಂದು ಸಲವೇ ಬಂದರೆ ರಾಟಿ ಮಾರಬೇಕು.

ಇತ್ತ ಅಮಾತೆಪ್ಪನಿಗೆ ಬೀಗ ಹಾಕುವಾಗ ಹೊಳೆಯದ ಸಂಗತಿ ಬೀಗ ಹಾಕಿದ ಮೇಲೆ ಹೊಳೆಯಿತು. ಕೀಲಿಕೈ ಯಾರ ಸೊಂಟದಲ್ಲಿದೆಯೋ ನವಣೆ ಹಾಕುವವನು ಅವನೇ, ನೀರು ಬದಲಿಸುವವನು ಅವನೇ, ಹಿಕ್ಕೆ ಬಳಿಯುವವನೂ ಅವನೇ. ಬಾದಾಮಿಯ ವ್ಯಾಪಾರಿಗಳು ಬಂದು ಕಾಯುತ್ತಿದ್ದರೆ ಇವನು ಪಂಜರದಲ್ಲಿ ಕೈ ಹಾಕಿಕೊಂಡಿರುತ್ತಿದ್ದ.

"ಮದಿವ್ಯಾಗಿ ಇಪ್ಪತ್ತೆಂಟ ವರ್ಷಾತು," ಎಂದಳು ಗುರುಲಿಂಗವ್ವ ಎದುರು ಬಾಗಿಲಿಗೆ ಬಂದು. "ನನಗ ಒಂದ ವಾಟಿ ನೀರ ಕೊಟ್ಟವರಲ್ಲ. ಹಕ್ಕಿಗೆ ದಿನಕ್ಕ ಎರಡ ಸಲ."

"ತತ್ತಿ ಎಷ್ಟ ಇಟ್ಟೈತಕ್ಕ?"

"ಐದು. ಒಂದು ಕೊಳೀತಂತ. ಮೊದಲಿನ ಮರಿಗೆ ಗರಿ ಬಂದಾವ. ಹಸರ."

ಹಕ್ಕಿ ಒಂದು ದಿನ ಬಿಟ್ಟು ಒಂದು ದಿನ ತತ್ತಿ ಇಡುತ್ತದೆ, ಮರಿಯೂ ಹಾಗೆಯೇ ಒಂದರ ಹಿಂದೆ ಒಂದು ಬೆಳೆಯುತ್ತದೆ. ಹುಸೇನಬಿಯ ಕಷ್ಟವೂ ಕಂತಿನಲ್ಲಿ ಬಂತು. ಎರಡನೆಯದು ಹಸಿರು. ಮೂರನೆಯದು ಹಸಿರು. ನಾಲ್ಕನೆಯದಕ್ಕೆ ಗರಿ ಮೂಡುವ ದಿನ ಗುರುಲಿಂಗವ್ವ ಬರಲಿಲ್ಲ. ಅದರ ಮರುದಿನ ಮುಂಜಾನೆ ಹುಸೇನಬಿ ತನ್ನ ಹೊಸ್ತಿಲಿಂದ ಒಂದು ವಿಚಿತ್ರ ನೋಡಿದಳು: ಅಮಾತೆಪ್ಪ ಬಾನಿಯೊಳಗಿಂದ ಒಂದು ಸಣ್ಣ ಬಟ್ಟಲಲ್ಲಿ ಏನನ್ನೋ ಮೊಗೆದು, ಮೇಲೆ ಅಂಗೈ ಮುಚ್ಚಿಕೊಂಡು, ಪಡಸಾಲೆಗೆ ಹೋದ. ಮಧ್ಯಾಹ್ನಕ್ಕೆ ಸುದ್ದಿ ಬಂತು. ನಾಲ್ಕನೆಯದೂ ಹಸಿರು.

ಹತ್ತು ದಿನ ಬಿಟ್ಟು ಕಾಶಪ್ಪ ಬಂದು ಅಂಗಳದಲ್ಲಿ ಕೂತ. ಅಮಾತೆಪ್ಪ ಪಂಜರ ಹೊರಗೆ ತಂದು, ಎಲ್ಲರಿಗೂ ಕಾಣುವಂತೆ ಉಡದಾರದಿಂದ ಕೀಲಿಕೈ ಬಿಚ್ಚಿ ಬೀಗ ತೆಗೆದ. ಹುಸೇನಬಿ ನಾಲ್ಕನೆಯ ಮರಿಯನ್ನು ಅಂಗೈಯಲ್ಲಿ ತೆಗೆದುಕೊಂಡಳು.

ಹಸಿರೇ. ಆದರೆ ಆ ಹಸಿರಿನ ಪರಿಚಯ ಅವಳಿಗಿತ್ತು. ಅವಳ ರಾಟಿಯ ಮೇಲೆ ಆ ಹೊತ್ತು ಅರ್ಧ ಸುತ್ತಿ ಬಿಟ್ಟು ಬಂದ ಲಡಿಯ ಗಿಳಿಹಸಿರು ಅದೇ. ಉಳಿದ ಮೂರಕ್ಕೆ ರೆಕ್ಕೆಯ ಮೇಲೆ ಕರಿ ಗೆರೆಗಳಿದ್ದವು, ಗಲ್ಲದ ಮೇಲೆ ನೇರಳೆ ಬೊಟ್ಟು. ಇದಕ್ಕೆ ಎರಡೂ ಇರಲಿಲ್ಲ. ಕುತ್ತಿಗೆಯ ಗರಿ ಬೆರಳಿನಿಂದ ಸರಿಸಿದರೆ ಬುಡದಲ್ಲಿ ಅರಿಶಿಣದಂಥ ಹಳದಿ. ಬಣ್ಣ ಹಾಕಿದವನಿಗೆ ಬಣ್ಣವಷ್ಟೇ ನೆನಪಿತ್ತು.

ಅವಳು ಆ ಗರಿಯನ್ನು ಮತ್ತೆ ಮುಚ್ಚಿದಳು.

"ಗುರುಲಿಂಗವ್ವಕ್ಕ, ಒಂದ ವಾಟಿ ಬೆಚ್ಚನ ನೀರ ಕೊಡ್ರಿ. ಹಂಗ ಒಂದ ಬಿಳೇ ಅರಿವಿ."

"ನೀರ್ಯಾಕ?" ಎಂದ ಕಾಶಪ್ಪ.

"ಮರಿಗೆ ಹೊಲಸ ಹತ್ತೇತ್ರಿ. ಒರಸತೇನಿ."

ಗುರುಲಿಂಗವ್ವ ಗಂಡನ ಮುಖ ನೋಡದೆ ಒಳಗೆ ಹೋಗಿ, ಎಂದೂ ಇಲ್ಲದ ಚುರುಕಿನಿಂದ ನೀರು ತಂದುಕೊಟ್ಟಳು. ಬಿಳಿ ಅರಿವೆ ಹುಸೇನಬಿಯ ಕೈಗೆ ಬಂತು. ಅಮಾತೆಪ್ಪ ಆ ಅರಿವೆಯನ್ನೇ ನೋಡುತ್ತಿದ್ದ. ಕುದಿಸದೆ ಹಚ್ಚಿದ ಬಣ್ಣ ಬೆಚ್ಚನೆಯ ನೀರು ತಾಗಿದರೆ ಏನಾಗುತ್ತದೆ ಎಂಬುದನ್ನು ಇಡೀ ಇಳಕಲ್ಲಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹಕ್ಕಿಯ ವಿಷಯದಲ್ಲಿ ಸೋತರೆ ಒಂದು ವಾರದ ನಗೆ. ಅಮಾತೆಪ್ಪನ ಬಣ್ಣ ಬಿಟ್ಟಿತು, ಅದೂ ಕಾಶಪ್ಪನ ಕಣ್ಣ ಮುಂದೆ ಬಿಟ್ಟಿತು ಎಂದರೆ ಬಾನಿ ಮಗುಚಿಡಬೇಕು. ಅರಿವೆ ನೀರಿನ ಹತ್ತಿರ ಹೋಯಿತು.

"ಬ್ಯಾಡ," ಎಂದ ಅಮಾತೆಪ್ಪ. "ಒರಸಬ್ಯಾಡ. ಅದು ಹಳದಿನ."

ಕಾಶಪ್ಪ ಬಗ್ಗಿ ನೋಡಿದ. "ಹಸರ ಕಾಣತೈತಲ್ಲೋ ಮಾರಾಯಾ."

"ನನ್ನ ಕೈ ಬಣ್ಣ ಹತ್ತೇತಿ. ದಿನಾ ಮುಟ್ಟತೇನಲ್ಲ. ಹುಟ್ಟಾ ಹಳದಿನ ಅದು."

"ಮತ್ತ ಉಳದ ಮೂರಕ್ಕ ನಿನ್ನ ಕೈ ಹತ್ತಿಲ್ಲ?"

"ಅವು ಮೊದಲ ಹಸರ ಅದಾವ. ಹತ್ತಿದ್ರೂ ಹೆಂಗ ಕಾಣತೈತಿ?"

ಕಾಶಪ್ಪ ಅಮಾತೆಪ್ಪನ ಮೊಣಕೈ ನೋಡಿದ, ಮರಿ ನೋಡಿದ, ಹೌದೆಂದು ತಲೆಯಾಡಿಸಿದ. ಹುಸೇನಬಿ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿದಳು. ಅರಿವೆಯನ್ನು ಮಡಿಚಿ, ಒಣಗಿದ್ದು ಒಣಗಿದ ಹಾಗೆಯೇ ಗುರುಲಿಂಗವ್ವನ ಕೈಗೆ ಕೊಟ್ಟಳು.

ಅಂದಿನಿಂದ ಅಮಾತೆಪ್ಪನ ಮಾತಿನ ದಾರಿ ಬದಲಾಯಿತು. ಹಕ್ಕಿಯ ಹಸಿರು ಕಚ್ಚಾ ಬಣ್ಣ, ಅದಕ್ಕೇ ಮರಿಗಳಲ್ಲಿ ಬಿಡುತ್ತದೆ, ತಾನೇ ಅದ್ದಿದ್ದರೆ ಬಿಡುತ್ತಿರಲಿಲ್ಲ ಎಂದು ಒಂದೆರಡು ವರ್ಷ ಹೇಳಿದ. ಎಂಬತ್ತರ ಹೊತ್ತಿಗೆ ಅದನ್ನೂ ಬಿಟ್ಟು, ಬಂದವರಿಗೆಲ್ಲ ನೂಲಿನ ತುಂಡು ಹರವಿ ನಾಲ್ಕು ಎಳೆಯ ಲೆಕ್ಕ ತಾನೇ ಬಿಡಿಸಿ ಹೇಳತೊಡಗಿದ. "ಇದನ್ನ ನಾವ ಕಂಡ ಹಿಡದದ್ದು," ಎನ್ನುತ್ತಿದ್ದ. ಆ 'ನಾವು' ಎಂಬುದರಲ್ಲಿ ಹುಸೇನಬಿಗೂ ಒಂದು ಮೂಲೆಯಲ್ಲಿ ಜಾಗವಿತ್ತು. ಊರ ಅತ್ತೆಯರು ಮಾತ್ರ ನೇರ ಅವಳ ಮನೆಗೆ ಬಂದು ಸೊಸೆಯ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ, ಕೆಂಪೋ ಕಪ್ಪೋ ಎಂದು ಕೇಳುತ್ತಿದ್ದರು. "ನನ್ನ ಕಡೆ ಹಕ್ಕಿ ನೂಲ ಅಷ್ಟ ಐತ್ರವ್ವಾ," ಎಂದು ಅವಳು ಕಳಿಸುತ್ತಿದ್ದಳು. ಅವರಿಗೆ ಅದು ಬಿಗುಮಾನವೆನಿಸುತ್ತಿತ್ತು.

ರೇಷ್ಮೆಯೋ? ಪಂಜರ ತೆರೆದ ಮರುದಿನವೇ ಬಂದಿತ್ತು. ಕಾಶಪ್ಪ ತಾನೇ ಹೊತ್ತು ತಂದು, ಈ ಸಲ ಹೊಸ್ತಿಲು ದಾಟಿ ಒಳಗೆ ಇಳಿಸಿದ. "ತೂಗೂದೇನ ಬ್ಯಾಡವ್ವ, ನಿನ್ನ ಕೈ ನಮಗ ಗೊತ್ತಿಲ್ಲೇನು?" ಎಂದ.

"ತೂಗ್ರಿ ಸಾವಕಾರ್ರ," ಎಂದಳು ಹುಸೇನಬಿ.

ಅವನು ಮನೆಗೆ ಹೋಗಿ ತಕ್ಕಡಿ ತಂದ. ಆಮೇಲೆ ಪ್ರತಿ ಸಲವೂ ತರಬೇಕಾಯಿತು. ಎಂಬತ್ತಾರರಲ್ಲಿ, ಅವಳ ಅಂಗಳದಲ್ಲಿ ನಾಲ್ಕೂ ಬಣ್ಣದ ಹಕ್ಕಿಗಳು ನವಣೆಗಾಗಿ ಜಗಳಾಡುತ್ತಿದ್ದಾಗ, ಕಾಶಪ್ಪ ಮೊಣಕಾಲು ಹಿಡಿದುಕೊಂಡು ಕೂತು ಕೇಳಿದ:

"ಇನ್ನೂ ಎಷ್ಟ ವರ್ಷ ಈ ತಕ್ಕಡಿ ಹೊರಸ್ತಿಯವ್ವ ನನ್ನ ಕಡಿಂದ? ನಿನ್ನ ನಾವು ನಂಬೂದಿಲ್ಲೇನು?"

"ನೀವು ನಂಬತೀರಿ," ಎಂದಳು ಹುಸೇನಬಿ, ರಾಟಿ ನಿಲ್ಲಿಸದೆ. "ಆವಾಗೂ ನಂಬತಿದ್ರಿ. ತೂಗ್ರಿ."

ಕಾಶಪ್ಪ ತೂಗಿದ.