ಸೋಲುವ ಓಣಿಯ ಪರವಾಗಿ

ನಮ್ಮ ಸಾಲಿಯಲ್ಲಿ ವಾದವಿವಾದಕ್ಕೆ ನಿಂತವರು ಮೊದಲು ಒಂದು ಚೀಟಿ ಎತ್ತಬೇಕಿತ್ತು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನಿನ್ನ ಸ್ವಂತ ಅಭಿಪ್ರಾಯ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ಮರಾಠಿಯಲ್ಲಿ ವಾದ ಮಾಡಿ ಗೆದ್ದು, ಮನೆಗೆ ಬಂದು ಅದೇ ವಾದವನ್ನು ಕನ್ನಡದಲ್ಲಿ ತಿರುವು ಮುರುವು ಮಾಡಿ ಅತ್ತಿಯ ಮುಂದೆ ಒಪ್ಪಿಸುತ್ತಿದ್ದೆ. ಯಾವ ಪಕ್ಷಕ್ಕೂ ಅಂಟಿಕೊಳ್ಳಲು ಕಾರಣವಿಲ್ಲ, ಅಂಟಿಕೊಂಡವರು ವಿಚಾರ ಮಾಡುವುದನ್ನು ಬಿಟ್ಟವರು ಎಂಬುದು ಮೀಸೆ ಮೂಡುವ ಮೊದಲೇ ನನಗೆ ಖಾತ್ರಿಯಾಗಿತ್ತು.

ಅತ್ತಿ ಅಂದರೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ, ಮರಾಠಿ ಸೀಮೆಯ ಗಡಿಯೂರು ಜತ್ತಕ್ಕೆ ಬಂದು ನಮ್ಮ ಸಂಗಡ ಇದ್ದಳು. ನಮ್ಮ ಮನೆಯ ಹಿಂದೆಯೇ ಸಾಲಿಯ ಮೈದಾನ. ಅರವತ್ತರ ದಶಕದಲ್ಲಿ ಹೆಂಗಸರು ಮೈದಾನಕ್ಕೆ ಹೋಗಿ ಫುಟ್‌ಬಾಲ್ ನೋಡುವ ಮಾತೇ ಇರಲಿಲ್ಲ. ಹಾಗಾಗಿ ರವಿವಾರ ಇಳಿಹೊತ್ತಿಗೆ ಅತ್ತಿ ಒಂದು ಮೊರ ಮೆಣಸಿನಕಾಯಿ ಹಿಡಿದು ಮಾಳಗಿ ಹತ್ತುತ್ತಿದ್ದಳು. ಹೊತ್ತು ಮುಳುಗುವಾಗ ಯಾರಾದರೂ ಮೆಣಸಿನಕಾಯಿ ಒಣಹಾಕುತ್ತಾರೆಯೇ ಎಂದು ನಾನು ಕೇಳದೆ ಬಿಟ್ಟಿರಲಿಲ್ಲ.

"ಬಿಸಲಿಗೇ ಒಣಗಬೇಕೇನು? ಗಾಳಿಗೂ ಒಣಗ್ತಾವ," ಅಂದಿದ್ದಳು.

ಊರಲ್ಲಿ ಎರಡು ತಂಡ. ಅಂಗಡಿಕಾರರ ಮಕ್ಕಳದು ಪ್ಯಾಟಿ ತಂಡ. ಅವರಿಗೆ ಕೆಂಪು ಅಂಗಿ, ಕಾಲಿಗೆ ಬೂಟು. ನಮ್ಮದು ಓಣಿ ತಂಡ. ಅತ್ತಿಯೇ ಹಂಡೆಯಲ್ಲಿ ಬಣ್ಣ ಕದಡಿ ಅದ್ದಿಕೊಟ್ಟ ಬನಿಯನ್ನುಗಳು, ಒಂದೊಂದೂ ಒಂದೊಂದು ನೀಲಿ. ಕಾಲು ಬರಿಗಾಲು. ಓಣಿಯ ಹುಡುಗರಲ್ಲಿ ಅರ್ಧಕ್ಕರ್ಧ ಕುರಿ ಸಾಕುವ ಮನೆತನದವರು. ಹಿಂಡು ಹತ್ತಿರದ ಯಳವಿಯ ಸುತ್ತ ಮೇಯುತ್ತಿದ್ದರೆ ನಮಗೆ ಗೋಲ್‌ಕೀಪರ ಸಿಗುತ್ತಿದ್ದ. ಅದು ದೂರದ ದರಿಬಡಚಿ ದಾಟಿತೆಂದರೆ ಆ ಜಾಗದಲ್ಲಿ ಯಾರನ್ನೋ ಹಿಡಿದು ನಿಲ್ಲಿಸಬೇಕು. ನಮ್ಮ ತಂಡ ಎಷ್ಟು ಗಟ್ಟಿ ಎಂಬುದು ಎಲ್ಲಿ ಹುಲ್ಲಿದೆ ಎಂಬುದರ ಮೇಲೆ ನಿಂತಿತ್ತು. ಬರದ ಸೀಮೆಯಾದ ಜತ್ತದ ಸುತ್ತ ಹುಲ್ಲು ಎಷ್ಟಿರುತ್ತದೆಂದು ಜತ್ತದವರಿಗೆ ಹೇಳಬೇಕಾಗಿಲ್ಲ.

ಮಾಳಗಿಯ ಮೇಲೆ ನಾನು ಅತ್ತಿಯನ್ನು ಕಾಡುತ್ತಿದ್ದೆ.

"ಅತ್ತಿ, ನೀ ನೋಡಿದ್ರೂ ಸೋಲ್ತಾರ, ನೋಡದಿದ್ರೂ ಸೋಲ್ತಾರ. ಹಂಗಾದ್ರ ನೀ ನೋಡಿ ಏನ್ ಫಾಯದಾ?"

"ಆಚಿ ಸರಿ. ಕಾಣವಲ್ದು."

"ಪ್ಯಾಟಿಯವ್ರ ಕಡೆ ಇದ್ರ ವಾರಕ್ಕೊಮ್ಮೆ ಖುಷಿಯಾದ್ರೂ ಆಗ್ತಿತ್ತು."

"ಅವ್ರ ಕಡೆ ಮಂದಿ ಭಾಳ ಅದಾರ."

"ಇದು ಕಾರಣ ಅಲ್ಲ."

"ಕಾರಣ ಬೇಕಾದ್ರ ನಿಮ್ಮ ಮಾಸ್ತರಗ ಕೇಳ ಹೋಗು. ನಿಂದು ಬರೇ ನಾಲಗಿ. ಆ ಹುಡುಗನ ಕಾಲ ನೋಡು, ಮುಳ್ಳ ನಟ್ಟೈತಿ, ಕುಂಟಕೋತ ಓಡಾಕತ್ತಾನ."

ಅವಳ ನೋಟದಿಂದ ಫಾಯದಾ ಇಲ್ಲ ಎಂದು ಸಾಧಿಸಲು ಹೊರಟ ನನ್ನ ಕಣ್ಣಿಗೇ ಒಂದು ದಿನ ಬೇರೆಯದು ಬಿತ್ತು. ನಮ್ಮ ಮೇಲೆ ಗೋಲಾದ ಕೂಡಲೇ ಗೋಲ್‌ಕೀಪರ ತಲೆ ಎತ್ತಿ ಮಾಳಗಿಯ ಕಡೆ ನೋಡಿದ. ಆಮೇಲೆ ಕ್ಯಾಪ್ಟನ್, ಆಮೇಲೆ ಉಳಿದವರು. ಅತ್ತಿ ಕೈ ಬೀಸಲಿಲ್ಲ. ಮೆಣಸಿನಕಾಯಿಯಲ್ಲಿ ಕೈಯಾಡಿಸುತ್ತ ಕೂತಿದ್ದಳು. ಅವರು ಚೆಂಡು ಎತ್ತಿಕೊಂಡು ನಡುಮೈದಾನಕ್ಕೆ ನಡೆದರು. ಮುಂದಿನ ರವಿವಾರವೂ ಹಾಗೆಯೇ ಆಯಿತು. ಇದನ್ನು ಯಾವ ಕಡೆಯ ವಾದಕ್ಕೆ ಸೇರಿಸಬೇಕೋ ನನಗೆ ತಿಳಿಯಲಿಲ್ಲ.

ಸಾಂಗಲಿಯ ಕಾಲೇಜಿಗೆ ಹೋದ ಮೇಲೆ ನನ್ನ ಕಾಲುಗಳು ಅಲ್ಲಿಯೂ ಸೋಲುವವರ ಬದಿಗೇ ಹೋಗಿ ನಿಲ್ಲತೊಡಗಿದವು. ಆ ಹುಡುಗರ ಪರಿಚಯವಿರಲಿಲ್ಲ, ಅವರ ಪೇಟೆ ಯಾವುದೆಂದು ಗೊತ್ತಿರಲಿಲ್ಲ. ಪಕ್ಕದವನು "ತೂ ಕೋಣಾಚಾ?" ಎಂದು, ಅಂದರೆ ನೀನು ಯಾರ ಕಡೆಯವನು ಎಂದು ಮರಾಠಿಯಲ್ಲಿ ಕೇಳಿದರೆ ಸೋಲುತ್ತಿದ್ದವರತ್ತ ಕೈ ತೋರಿಸುತ್ತಿದ್ದೆ. ಅವನು ನಕ್ಕು ಆಚೆ ಸರಿಯುತ್ತಿದ್ದ. ಈ ಚಟ ಇವತ್ತಿಗೂ ಬಿಟ್ಟಿಲ್ಲ. ಪತ್ರಿಕೆಯಲ್ಲಿ ಲೀಗಿನ ಪಟ್ಟಿ ಬಂದರೆ ಕೆಳಗಿನಿಂದ ಮೇಲಕ್ಕೆ ಓದುತ್ತೇನೆ, ಅರ್ಧಕ್ಕೆ ನಿಲ್ಲಿಸುತ್ತೇನೆ. ಕಾರಣ ಕೇಳಿದರೆ ಹೇಳಲು ಬರುವುದಿಲ್ಲ, ನಾನೇ ಕೇಳಿಕೊಂಡರೂ ಅಷ್ಟೇ.

ನನ್ನ ಪರೀಕ್ಷೆ ನಡೆದಿದ್ದಾಗ ಅತ್ತಿ ಹೋಗಿಬಿಟ್ಟಳು. ನಾನು ಬಸ್ಸು ಹಿಡಿದು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹೆಗಲು ಕೊಟ್ಟವರಲ್ಲಿ ಹೆಚ್ಚಿನವರು ಓಣಿ ತಂಡದವರು ಎಂದು ಅವ್ವ ಹೇಳಿದಳು.

ಆ ರವಿವಾರ ನಾನೇ ಮಾಳಗಿ ಹತ್ತಿದೆ. ನೆಪಕ್ಕೆ ಮೊರ ಬೇಕಾಗಿರಲಿಲ್ಲ, ಗಂಡಸು ನಾನು. ನಮ್ಮ ಮೇಲೆ ಗೋಲಾಯಿತು. ಗೋಲ್‌ಕೀಪರ ರೂಢಿಯಂತೆ ತಲೆ ಎತ್ತಿದ, ಚಷ್ಮಾ ಹಾಕಿಕೊಂಡು ನಿಂತ ನನ್ನನ್ನು ಕಂಡ, ತಲೆ ಇಳಿಸಿದ. ಉಳಿದವರು ಯಾರೂ ನೋಡಲೇ ಇಲ್ಲ. ಓಣಿ ತಂಡದ ಪರವಾಗಿ ಮೈದಾನದ ಹೊರಗೆ ಈಗ ಉಳಿದವನು ನಾನೊಬ್ಬನೇ, ಅದೂ ಅವರಿಗೆ ಬೇಡವಾದವನು.

ಅದೇ ಬೇಸಿಗೆಯಲ್ಲಿ ಪ್ಯಾಟಿ ತಂಡದವರು ಕ್ಯಾಪ್ಟನ್ ಸಹಿತ ನಮ್ಮಲ್ಲಿ ಚಲೋ ಆಡುವ ನಾಲ್ವರನ್ನು ತಮ್ಮ ತಂಡಕ್ಕೆ ಕರೆದರು. ಅವರು ಹೋದರೆ ತಂಡವೇ ಇಲ್ಲ. ಬೇವಿನ ಕಟ್ಟೆಯ ಮೇಲೆ ಓಣಿಯ ಹುಡುಗರು ಕೂಡಿದರು. ನಾನು ಕರೆಯದೆಯೇ ಹೋದೆ, ಕೇಳದೆಯೇ ಎದ್ದು ನಿಂತೆ. ಚೀಟಿ ಎತ್ತದೆ ನಾನು ಮಾತಾಡಿದ್ದು ಅದೇ ಮೊದಲು. ಗೆದ್ದ ತಂಡಕ್ಕೆ ಹನ್ನೆರಡನೆಯವನಾಗಿ ಹೋಗುವವನು ಬೆಂಚಿನ ಮೇಲೆ ಕೂಡುತ್ತಾನೆ ಅಂದೆ. ಪ್ಯಾಟಿಯವರಿಗೆ ನಿಮ್ಮ ಆಟ ಬೇಕಾಗಿಲ್ಲ, ನೀವು ಎದುರಿಗೆ ನಿಲ್ಲದಿರುವುದು ಬೇಕಾಗಿದೆ ಅಂದೆ. ತಲೆಗಳು ಆಡಿದವು.

ಕ್ಯಾಪ್ಟನ್ ಮಾತ್ರ ಕಾಲ ಹಿಮ್ಮಡಿ ಉಜ್ಜಿಕೊಳ್ಳುತ್ತ ಕೂತಿದ್ದ. "ನೀ ಹೇಳೂದೆಲ್ಲಾ ಖರೆ ಐತಿ ತಮ್ಮಾ. ಆದ್ರ ನಿನ್ನ ಭಾಷಣ ಕಾಲಿಗೆ ಹಾಕ್ಕೊಳ್ಳಾಕ ಬರೂದಿಲ್ಲ."

"ಬೂಟಿನ ಸಲುವಾಗಿ ಹೋಗ್ತಿ?"

"ಅಂಗಡ್ಯಾಗ ಕೆಲಸಾನೂ ಕೊಡ್ತೀವಂದಾರ. ಮಾಡಗ್ಯಾಳ ಸಂತಿಗೆ ಕುರಿ ಹೊಡಕೊಂಡು ಹೋಗೂದು, ಮಳಿ ಬಂದ ಕಡೆ ಓಡೂದು ಸಾಕಾಗೈತಿ. ನೀ ಸಾಂಗಲಿಗೆ ಹೋಗಿಲ್ಲೇನು?"

ಒಬ್ಬ ಎದ್ದು ಧೂಳು ಕೊಡವಿಕೊಂಡ. "ವಕೀಲಸಾಹೇಬ್ರು ಗೆದ್ರು. ನಡೀರಿ, ಚಾ ಕುಡ್ಯೂಣು."

"ರವಿವಾರ ಆಟ ಐತಿ," ಅಂದೆ ನಾನು, ಹೋಗುವವರ ಬೆನ್ನಿಗೆ.

ರವಿವಾರ ಚೆಂಡು ತಗೊಂಡು ಮೈದಾನಕ್ಕೆ ಹೋದೆ. ಯಾರೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಕೆಂಪು ಅಂಗಿಯವರು ಬಂದರು, ಅವರಲ್ಲಿ ನಮ್ಮ ನಾಲ್ವರೂ ಇದ್ದರು. ಹೊಸ ಬೂಟು ಹಾಕಿದ ಕ್ಯಾಪ್ಟನ್ ಬಿಸಿ ನೆಲದ ಮೇಲೆ ನಡೆದಂತೆ ಹೆಜ್ಜೆ ಇಡುತ್ತಿದ್ದ.

"ಒಬ್ಬನ ಅದಿಯಲ್ಲೋ?"

"ಬರ್ತಾರ."

"ಯಾರು?"

ಗೋಲ್‌ಕೀಪರ ಹಿಂಡಿನ ಸಂಗಡ ಎಲ್ಲಿದ್ದನೋ. ಉಳಿದವರು ಮನೆಯಲ್ಲೇ ಇದ್ದರು, ಓಣಿಯಿಂದ ಬರುವಾಗ ನೋಡಿದ್ದೆ. "ಬರ್ತಾರ," ಅಂದೆ ಮತ್ತೆ. ಇಂಥ ಮಾತನ್ನು ಎದುರಾಳಿ ಆಡಿದ್ದರೆ ಒಂದೇ ವಾಕ್ಯದಲ್ಲಿ ಹರಿದು ಹಾಕುತ್ತಿದ್ದೆ.

"ಮೈದಾನ ಖಾಲಿ ಮಾಡ್ರಿ ವಕೀಲರ, ನಾವು ಆಡಾವ್ರದೀವಿ," ಅಂದ ಇನ್ನೊಬ್ಬ.

"ಅರ್ಧಾ ನಮ್ಮದೈತಿ."

ಅವರು ನಕ್ಕರು. ಕ್ಯಾಪ್ಟನ್ ನಗಲಿಲ್ಲ. "ಇರ್ಲಿ ಬಿಡ್ರಿ. ಆ ಅರ್ಧಾದಾಗ ಆಡೂಣು," ಅಂದ.

ಅವರು ಆ ಅರ್ಧದಲ್ಲೇ ಆಡಿದರು. ನಾನು ನಮ್ಮ ಗೋಲಿನ ಎರಡು ಕಲ್ಲುಗಳ ನಡುವೆ ನಿಂತೆ. ಅವರ ಚೆಂಡು ನನ್ನ ಕಡೆ ಉರುಳಿ ಬಂದರೆ ಒಬ್ಬ ಓಡಿ ಬಂದು ತಗೊಂಡು ಹೋಗುತ್ತಿದ್ದ. ಹೊತ್ತು ಇಳಿದಾಗ ಬೂಟಿನ ಲಾಡಿ ಬಿಚ್ಚಿ, ಬೂಟು ಹೆಗಲಿಗೆ ಹಾಕಿಕೊಂಡು ಹೋದರು. ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಆಟ ಮುಗಿಯಿತೆಂದು ಸೀಟಿ ಊದುವವರು ಯಾರೂ ಇರಲಿಲ್ಲ.