ತಾಮ್ರದ ಕೊಳವೆಗೆ ಕಲಾಯಿ ಹಾಕಿದ ನಸ್ರುಲ್ಲಾ

ಮೂಡಣದಲ್ಲಿ ಆಗಷ್ಟೇ ಕೆಂಪು ಮೂಡುತ್ತಿದೆ. ಕೊಡಿಗೇನಹಳ್ಳಿಗೆ ಮೂರು ಮೈಲಿ ದೂರದ ಕರಿಗಲ್ಲು ಗುಡ್ಡದ ನೆತ್ತಿಯಲ್ಲಿ, ಟೆಲಿಫೋನ್ ಇಲಾಖೆಯ ಮೈಕ್ರೋವೇವ್ ಸ್ಟೇಷನ್ನಿನ ಹಿಂಬದಿಯ ಕಲ್ಲುಕಟ್ಟೆಯ ಮೇಲೆ, ನಸ್ರುಲ್ಲಾ ಸೀಮೆಎಣ್ಣೆ ಸ್ಟೌ ಹಚ್ಚಿ ಕಬ್ಬಿಣದ ಬಾಣಲೆ ಇಟ್ಟಿದ್ದಾರೆ. ದೂರದಿಂದ ನೋಡಿದವರು ಕಡಲೆಕಾಯಿ ಹುರಿಯುತ್ತಿದ್ದಾರೆ ಎಂದುಕೊಳ್ಳಬೇಕು. ಹತ್ತಿರ ಹೋದರೆ ಕಾಣುವುದು ಕಲ್ಲುಪ್ಪಿನಂಥ ಹರಳು, ಬಣ್ಣ ತಿಳಿ ಗುಲಾಬಿ. ಸೌಟಿನಿಂದ ಕೈಯಾಡಿಸುತ್ತಿದ್ದಂತೆ ಒಂದೊಂದಾಗಿ ನೀಲಿಗೆ ತಿರುಗುತ್ತವೆ. ಎಲ್ಲವೂ ನೀಲಿಯಾದ ಮೇಲೆ ಒಂದು ಗಳಿಗೆಯೂ ಬಿಡುವಂತಿಲ್ಲ. ಉರಿ ಹೆಚ್ಚಾದರೆ ಕಪ್ಪಾಗಿ, ತಿಪ್ಪೆಗೆ ಎಸೆಯುವುದಕ್ಕಷ್ಟೇ ಲಾಯಕ್ಕಾಗುತ್ತವೆ.

ಇದಕ್ಕೆ ಸಿಲಿಕಾ ಜೆಲ್ ಎನ್ನುತ್ತಾರೆ, ಗುಡ್ಡದ ಮೇಲಿನವರ ಬಾಯಲ್ಲಿ ಬರೀ 'ಕಾಳು'. ಯಂತ್ರದ ಕೋಣೆಯಿಂದ ಹೊರಟು ಟವರಿನ ತುದಿಯ ದೊಡ್ಡ ಬಟ್ಟಲಿನಂಥ ಆಂಟೆನಾದವರೆಗೆ ಹತ್ತುವ ತಾಮ್ರದ ಕೊಳವೆಯೊಳಗೆ ಒಣಗಾಳಿಯನ್ನೇ ತುಂಬಿರಬೇಕು. ಗಾಳಿಯ ಪಸೆ ಹೀರುವುದು ಈ ಕಾಳಿನ ಕೆಲಸ. ಹೀರಿ ಹೀರಿ ಗುಲಾಬಿಯಾದದ್ದನ್ನು ಹುರಿದು ಮತ್ತೆ ನೀಲಿ ಮಾಡುವುದು ನಸ್ರುಲ್ಲಾ ಅವರ ಕೆಲಸ. ಪಾವಗಡದ ಕಡಲೆಕಾಯಿ ವ್ಯಾಪಾರಿ ಮಧುಗಿರಿಗೆ ಟ್ರಂಕ್ ಕಾಲ್ ಹಾಕಿ ದರ ಕೇಳುವಾಗ ಅವನ ಮಾತು ಹಾಯುವುದು ಈ ಕೊಳವೆಯಲ್ಲೇ. ಅದರ ಹಿಂದೆ ಒಂದು ಬಾಣಲೆಯೂ ಒಂದು ಸೌಟೂ ಇವೆ ಎಂದು ಅವನಿಗೆ ಗೊತ್ತಿರಬೇಕಾದ ಅಗತ್ಯವಿಲ್ಲ, ಗೊತ್ತೂ ಇಲ್ಲ.

ಇವತ್ತು ಮಾತ್ರ ನಸ್ರುಲ್ಲಾ ಅವರ ಕಣ್ಣು ಬಾಣಲೆಗಿಂತ ಗುಡ್ಡದ ಬುಡದ ರಸ್ತೆಯ ಮೇಲೆಯೇ ಹೆಚ್ಚು. ಸ್ಟೇಷನ್ನಿಗೆ ಹೊಸ ಯಂತ್ರ ಬಂದಿದೆ, ಅದಕ್ಕೆ ತಕ್ಕ ಹೊಸ ಕೊಳವೆಯೂ ಬಂದಿದೆ. ಗೋಡೆಯ ಕಂಡಿಗೂ ಟವರಿನ ಬುಡಕ್ಕೂ ನಡುವಿನ ಕೊನೆಯ ತುಂಡೊಂದು ಬಾಕಿ. ಅದನ್ನು ಜಾಗದಲ್ಲೇ ಅಳೆದು ಕೊಯ್ದು, ತುದಿಗೆ ಬೋಲ್ಟು ಕೂರುವ ಚಪ್ಪಟೆ ಪಟ್ಟಿಯನ್ನು ತವರದಿಂದ ಬೆಸೆಯಬೇಕು. ಆ ಕೆಲಸ ತನಗೆ ಸಿಗುತ್ತದೋ ಇಲ್ಲವೋ ಎನ್ನುವುದು ನಸ್ರುಲ್ಲಾ ಅವರ ಚಿಂತೆ. ಯಾಕೆಂದರೆ ಜೀಪಿನಲ್ಲಿ ಬರಲಿರುವ ಅಸಿಸ್ಟೆಂಟ್ ಇಂಜಿನಿಯರ್ ಸಂಜೀವಯ್ಯ, ಒಂಬತ್ತು ವರ್ಷದ ಹಿಂದೆ ಇದೇ ಕಟ್ಟೆಯ ಹತ್ತಿರ ನಿಂತು, ಇನ್ನು ಮೇಲೆ ನೀವು ತಾಮ್ರ ಮುಟ್ಟಕೂಡದು ಎಂದು ಹೇಳಿದವರು. ಅಂದಿನಿಂದ ಇಂದಿನವರೆಗೆ, ಈ ಎಂಬತ್ತಾರನೇ ಇಸವಿಯವರೆಗೆ, ನಸ್ರುಲ್ಲಾ ಮುಟ್ಟಿಲ್ಲ.

"ಕೊಟ್ರೆ ಮಾಡ್ತೀನಿ. ಕೊಡ್ದಿದ್ರೆ ಕಾಳು ಹುರ್ಕೊಂಡು ಇರ್ತೀನಿ. ನಾನಾಗಿ ಕೇಳಕ್ಕೆ ಮಾತ್ರ ಹೋಗಲ್ಲ," ಎನ್ನುತ್ತಾರೆ. ಹೇಳುವಾಗ ಸೌಟಿನ ಕೈ ನಿಲ್ಲುವುದಿಲ್ಲ.

ನಸ್ರುಲ್ಲಾ ಶಿರಾದವರು. ತಾತನ ಕಾಲದಿಂದ ಕಲಾಯಿ ಹಾಕುವ ಮನೆತನ. ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಮೈಗೆ ಕಿಲುಬು ಹತ್ತದಂತೆ ತವರ ಬಳಿಯುವ ಈ ವಿದ್ಯೆಯಲ್ಲಿ ಅವರ ಅಬ್ಬಾ ಹೆಸರುವಾಸಿ. ಬರಗೂರಿನ ಕಡೆಯ ಹಳ್ಳಿಗಳಿಗೆ ತಿದಿ ಹೊತ್ತು ಹೋದರೆ, ಹುಣಿಸೆಮರದ ಕೆಳಗೆ ಗುಂಡಿ ತೋಡಿ ಇದ್ದಲು ಹಚ್ಚುವಷ್ಟರಲ್ಲಿ ಹಂಡೆ, ಕೊಳಗ, ತಪ್ಪಲೆಗಳ ಸಾಲು ಬೆಳೆದಿರುತ್ತಿತ್ತಂತೆ. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ತಾಗಿಸಿ, ಹತ್ತಿಯ ಉಂಡೆಯಿಂದ ಒಂದು ಸುತ್ತು ತಿರುವಿದರೆ ಕರ್ರಗಿದ್ದ ಒಳಮೈ ಬೆಳ್ಳಿಯಾಗುತ್ತದೆ. ಕಲಾಯಿಯವನ ಬದುಕೆಲ್ಲ ಪಾತ್ರೆಯ ಒಳಗೇ. ಹೊರಗಿನದನ್ನು ಹುಣಿಸೆಹಣ್ಣು ಹಚ್ಚಿ ಹೆಂಗಸರೇ ನೋಡಿಕೊಳ್ಳುತ್ತಾರೆ.

ಆಮೇಲೆ ಸ್ಟೀಲು ಬಂತು. ಹಳೆ ತಾಮ್ರ ಕೊಟ್ಟು ಸ್ಟೀಲು ತೆಗೆದುಕೊಳ್ಳುವ ಹುಚ್ಚು ಹಳ್ಳಿಹಳ್ಳಿಗೂ ಹಬ್ಬಿತು. ಎಪ್ಪತ್ತನಾಲ್ಕರಲ್ಲಿ ಈ ಗುಡ್ಡದ ಮೇಲೆ ಟವರು ಏಳುವಾಗ ನಸ್ರುಲ್ಲಾ ತಿದಿಯನ್ನು ಅಟ್ಟಕ್ಕೆ ಹಾಕಿ ಕೂಲಿಗೆ ಬಂದರು. ಕಬ್ಬಿಣ ಹೊತ್ತರು, ಕಾಂಕ್ರೀಟ್ ಕಲಸಿದರು. ಒಂದು ದಿನ ಲಾರಿಯಿಂದ ಮರದ ಪೆಟ್ಟಿಗೆ ಇಳಿಸಿ ಬಿಚ್ಚಿದಾಗ ಒಳಗೆ ಹುಲ್ಲಿನ ನಡುವೆ ಮಲಗಿದ್ದದ್ದು ಅಪ್ಪಟ ತಾಮ್ರ. ಆ ದಿನವೇ ಇಲ್ಲಿ ಉಳಿಯುವ ಮನಸ್ಸಾಯಿತು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಆದರೆ ಅದು ಅವರು ಕಂಡಿದ್ದ ತಾಮ್ರದ ಹಾಗಿರಲಿಲ್ಲ. ಗುಂಡಗಿರದೆ ಆಯತಾಕಾರ, ಒಂದು ಕಡೆ ಅಗಲ, ಇನ್ನೊಂದು ಕಡೆ ಅದರ ಅರ್ಧ. ಒಳಗೆ ತಂತಿಯಿಲ್ಲ, ನೀರಿಲ್ಲ, ಏನೇನೂ ಇಲ್ಲ. ಖಾಲಿ ಕೊಳವೆಯಲ್ಲಿ ಮಾತು ಹೋಗುತ್ತದೆ ಎಂದರೆ ನಂಬುವುದು ಹೇಗೆ? ನಸ್ರುಲ್ಲಾ ಅವರಿಗೆ ಅದನ್ನು ಬಿಡಿಸಿ ಹೇಳಿದ್ದು ಟವರು ಹತ್ತುವ ತಿಮ್ಮರಾಯಪ್ಪ. ಗೊಲ್ಲರಹಟ್ಟಿಯಲ್ಲಿ ಹುಟ್ಟಿ ಕುರಿಯ ಹಿಂದೆ ಬೆಳೆದ ಮನುಷ್ಯ, ಲೆಕ್ಕವನ್ನೂ ಕುರಿಯಲ್ಲೇ ಮಾಡುತ್ತಾರೆ.

"ರೊಪ್ಪದ ಬಾಗ್ಲು ತೀರಾ ಕಿರಿದಾದ್ರೆ ಕುರಿ ನುಗ್ಗಲ್ಲ ಕಣಪ್ಪ. ತೀರಾ ಅಗಲ ಆದ್ರೆ ಎರಡೆರಡು ಮೂರ್ಮೂರು ಒಟ್ಟಿಗೆ ನುಗ್ಗಿ ಗೊಂದ್ಲ ಆಯ್ತದೆ. ಒಂದೇ ಸಾಲಲ್ಲಿ ಹೋಗೋವಷ್ಟು ಇರ್ಬೇಕು. ಇದೂ ಅಂಗೇಯ," ಎಂದು ಅಂದು ಹೇಳಿದ್ದನ್ನೇ ಇಂದೂ ಹೇಳುತ್ತಾರೆ ತಿಮ್ಮರಾಯಪ್ಪ.

ಪುಸ್ತಕದ ಮಾತಿನಲ್ಲೂ ಸಂಗತಿ ಇಷ್ಟೇ. ಅಲೆಯ ಉದ್ದದ ಅರ್ಧಕ್ಕಿಂತ ಕೊಳವೆಯ ಅಗಲ ಕಡಿಮೆಯಾದರೆ ಅಲೆ ಮುಂದಕ್ಕೆ ಹಾಯುವುದೇ ಇಲ್ಲ. ಹಳೆಯ ಕೊಳವೆಯ ಒಳಗಲ ಎರಡೂಕಾಲು ಇಂಚಿಗೆ ಕೂದಲೆಳೆಯಷ್ಟು ಹೆಚ್ಚು. ಮೂರು ಸಾವಿರದ ಮುನ್ನೂರು ಮೆಗಾಹರ್ಟ್ಸ್‌ನಿಂದ ನಾಲ್ಕು ಸಾವಿರದ ಒಂಬೈನೂರರವರೆಗಿನ ಅಲೆಗಳಿಗೆ ಅದು ಸರಿ. ಈಗ ಬಂದಿರುವುದರ ಅಗಲ ಒಂದೂವರೆ ಇಂಚಿಗೆ ತುಸು ಮೇಲೆ. ಅದು ಅಲ್ಲಿಂದಾಚೆಗೆ ಏಳು ಸಾವಿರದ ಆಸುಪಾಸಿನವರೆಗೆ. ಅಲೆಯ ಬಡಿತ ಚುರುಕಾದಷ್ಟೂ ಕೊಳವೆ ಸಣ್ಣದು. ಗುಡ್ಡದ ಮೇಲೆ ಇವಕ್ಕೆ 'ನಾಕು ಸಾವಿರದ ಪೈಪು', 'ಆರು ಸಾವಿರದ ಪೈಪು' ಎಂದು ಹೆಸರು. ಈ ಅಗಲ ಎತ್ತರವೆಲ್ಲ ಒಳಗಿನ ಅಳತೆ, ಅಲೆ ಹಾಯುವುದು ಒಳಮೈಯನ್ನು ಸವರಿಕೊಂಡು, ಅಲ್ಲಿ ಒಂದು ಗೀರೂ ಇರಕೂಡದು, ಒಂದು ಹನಿಯೂ ಇರಕೂಡದು. ಇಷ್ಟನ್ನು ಮಾತ್ರ ನಸ್ರುಲ್ಲಾ ಅವರಿಗೆ ಆಗ ಯಾರೂ ಹೇಳಿರಲಿಲ್ಲ.

ಎಪ್ಪತ್ತೇಳರ ಮಳೆಗಾಲ. ಉಗ್ರಾಣದಲ್ಲಿ ಇಟ್ಟಿದ್ದ ಒಂದು ಗಜದ ಹೆಚ್ಚುವರಿ ಕೊಳವೆಯ ಮುಚ್ಚಳ ಸಡಿಲವಾಗಿ ಪಸೆ ಇಳಿದಿತ್ತು. ಗುಡಿಸಲು ಹೋದ ನಸ್ರುಲ್ಲಾ ಇಣುಕಿ ನೋಡಿದರೆ ಒಳಗೆ ಹಸಿರು ಕಿಲುಬು. ಕಲಾಯಿಯವರ ಮನೆಯಲ್ಲಿ ಹುಟ್ಟಿದವನು ಕಿಲುಬು ಕಂಡೂ ಕಾಣದಂತೆ ಹೋಗಲು ಸಾಧ್ಯವೇ? ಮುಂದಿನ ಶುಕ್ರವಾರ ಶಿರಾಕ್ಕೆ ಹೋಗಿ ಅಟ್ಟದ ತಿದಿ ಇಳಿಸಿ ತಂದರು. ಮದುವೆಯಡುಗೆಯ ದೊಡ್ಡ ಪಾತ್ರೆ, ದೇಗುಗಳಿಗೆಂದು ಅಬ್ಬಾ ಜೋಪಾನ ಮಾಡಿದ್ದ ಒಳ್ಳೆಯ ತವರವನ್ನೂ ತಂದರು. ಕೈ ಹೋಗದ ಕಿರಿದಾದ ಕೊಳವೆ, ಕಬ್ಬಿಣದ ಸರಳಿಗೆ ಹತ್ತಿ ಸುತ್ತಿ, ನವಸಾಗರದ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ, ಆ ತುದಿಯಿಂದ ಈ ತುದಿಯವರೆಗೆ ಕಲಾಯಿ ಹಾಕಿದರು. ಜನ್ಮದಲ್ಲಿ ಅಷ್ಟು ಕಷ್ಟದ ಕಲಾಯಿ ಹಾಕಿರಲಿಲ್ಲವಂತೆ. ಯಾರಿಗೂ ಹೇಳದೆ ಮತ್ತೆ ಅಲ್ಲೇ ಇಟ್ಟರು. ಒಳ್ಳೆಯ ಕೆಲಸ ತಾನಾಗಿಯೇ ಕಾಣಿಸಲಿ ಎನ್ನುವ ಬಿಗುಮಾನ.

ಕಾಣಿಸಿತು. ಸಿಡಿಲಿಗೆ ಟವರಿನ ಬುಡದ ತುಂಡು ಕೆಟ್ಟು, ಈ ತುಂಡನ್ನು ಕೂಡಿಸಿದ ದಿನ ಪಾವಗಡದ ಲೈನುಗಳಲ್ಲೆಲ್ಲ ಬರೀ ಗೊರಗೊರ. ಕಳಿಸಿದ ಅಲೆ ಅರ್ಧದಾರಿಯಲ್ಲೇ ಬಡಿದು ವಾಪಸ್ಸು ಬರುತ್ತಿತ್ತು. ಆಗಿನ್ನೂ ಹೊಸಬರಾಗಿದ್ದ ಜೂನಿಯರ್ ಇಂಜಿನಿಯರ್ ಸಂಜೀವಯ್ಯ ಇಡೀ ದಿನ ಯಂತ್ರವನ್ನೆಲ್ಲ ತಡಕಾಡಿ, ಕೊನೆಗೆ ಕೊಳವೆ ಬಿಚ್ಚಿಸಿ ಬಿಸಿಲಿಗೆ ಹಿಡಿದು ಇಣುಕಿದರು. ಒಳಗೆ ಹಬ್ಬದ ಹಂಡೆಯಂತೆ ಬೆಳ್ಳಗೆ ಫಳಫಳ. ಅಲ್ಲಲ್ಲಿ ತವರ ಹನಿಗಟ್ಟಿ ಒಳಗಿನ ಅಳತೆಯೇ ಏರುಪೇರಾಗಿತ್ತು. ಯಾರು ಮಾಡಿದ್ದು ಎಂದು ಕೇಳಿದಾಗ ನಸ್ರುಲ್ಲಾ, ಇನಾಮು ಸಿಗುವವರ ಹಾಗೆ, ಎರಡು ಹೆಜ್ಜೆ ಮುಂದೆ ಬಂದು ನಿಂತರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆ ಹಿಡಿದದ್ದೂ ಕಸುಬುದಾರನೇ ಆಗಿದ್ದ.

ಸಂಜೀವಯ್ಯ ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಒಳಮೈಯ ಸಂಗತಿಯನ್ನು ಸಮಾಧಾನದಿಂದ ತಿಳಿಸಿ, ಕೊನೆಗೆ ಆ ಒಂದು ಮಾತು ಹೇಳಿದರು. "ಬೈದಿದ್ರೆ ಎರಡು ದಿನಕ್ಕೆ ಮರ್ತುಬುಡ್ತಿದ್ದೆ. ತಾಮ್ರ ಮುಟ್ಬೇಡಿ ಅಂದ್ರಲ್ಲ, ನಮ್ ಜನಕ್ಕೆ ಅದು ಹೊಡ್ತ ಇದ್ದಂಗೆ," ಎನ್ನುವಾಗ ನಸ್ರುಲ್ಲಾ ಅವರ ದನಿ ತುಸು ಇಳಿಯುತ್ತದೆ. ನೋವಾಯಿತು ಎನ್ನುವುದನ್ನು ಅವರು ಮರೆಮಾಚುವುದಿಲ್ಲ.

ಹಟವೂ ಕಡಿಮೆಯದಲ್ಲ. ಮನೆಯ ಹಂಡೆಯನ್ನೂ ಅವರು ಅಂದಿನಿಂದ ಮುಟ್ಟಿಲ್ಲ. ಕೊಡಿಗೇನಹಳ್ಳಿಯ ಬಾಡಿಗೆ ಮನೆಯಲ್ಲಿ ಅವರ ಹೆಂಡತಿ ಅಮೀನಾಬಿ ಈ ಮಾತು ಬಂದರೆ ಸೆರಗು ಕೊಡವುತ್ತಾರೆ. "ಕಲಾಯಿಯವ್ರ ಸೊಸೆ ಅಂತ ಹೆಸ್ರು ನಂಗೆ. ಬಿರಿಯಾನಿ ದೇಗು ಎತ್ಕೊಂಡು ಕಲಾಯಿಗೆ ಮಧುಗಿರಿ ಬಸ್ಸು ಹತ್ತೋಳೂ ನಾನೇ. ಕಂಡಕ್ಟ್ರು ನಗ್ತಾನೆ," ಎನ್ನುತ್ತಾರೆ. ಗಂಡ ಪಕ್ಕದಲ್ಲೇ ಕೂತು ಕೇಳಿಸದವರ ಹಾಗೆ ಚಹಾ ಕುಡಿಯುತ್ತಾರೆ.

ಹತ್ತರ ಹೊತ್ತಿಗೆ ಜೀಪು ಗುಡ್ಡ ಏರಿ ಬರುತ್ತದೆ. ಸಂಜೀವಯ್ಯ ಇಳಿಯುತ್ತಾರೆ, ತಲೆಗೂದಲು ಅರ್ಧ ನರೆತಿದೆ. ಅವರನ್ನು ತಿಮ್ಮರಾಯಪ್ಪ ಪಕ್ಕಕ್ಕೆ ಕರೆದು ಬೆಸುಗೆಗೆ ನಸ್ರುಲ್ಲಾ ಅವರ ಹೆಸರು ಹೇಳುತ್ತಾರೆ, ಮನೆಯ ಹಂಡೆಯನ್ನೂ ಮುಟ್ಟದ ಕಥೆಯನ್ನೂ ಸೇರಿಸುತ್ತಾರೆ. ಸಂಜೀವಯ್ಯ ಕಟ್ಟೆಯ ಹತ್ತಿರ ಬರುತ್ತಾರೆ.

"ಸಾಬ್ರೆ, ನಾನು ಹೇಳಿದ್ದು ಈ ಪೈಪಿನ ಮಾತು. ಮನೆ ಹಂಡೆದಲ್ಲ," ಎನ್ನುತ್ತಾರೆ. ಆಮೇಲೆ ಹಳೆಯ ಕೊಳವೆಯ ಒಂದು ಚೂರು ಕೊಟ್ಟು, ಮೊದಲು ಇದರ ಮೇಲೆ ಮಾಡಿ ತೋರಿಸಿ, ಒಳಗೆ ಒಂದು ಹನಿಯೂ ಹೋಗಬಾರದು ಎಂದು ಹೇಳಿ ದೂರ ನಿಲ್ಲುತ್ತಾರೆ.

ಮೊದಲ ಸಲ ಆಗುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಮ್ಮನೆ ಅಲ್ಲ, ನಸ್ರುಲ್ಲಾ ಅವರ ಕೈ ತನಗೆ ಗೊತ್ತಿದ್ದಂತೆ ಕೊಳವೆಯನ್ನೆಲ್ಲ ಸಮನಾಗಿ ಕಾಯಿಸುತ್ತದೆ. ತವರ ಬಿಸಿ ಇದ್ದ ಕಡೆ ಓಡುವ ಲೋಹ, ನೆಟ್ಟಗೆ ಒಳಗೆ ಇಳಿದು ಬೆಳ್ಳಗೆ ನಗುತ್ತದೆ. ತಿಮ್ಮರಾಯಪ್ಪ ಮುಖ ತಿರುಗಿಸುತ್ತಾರೆ. ಸಂಜೀವಯ್ಯ ಚೂರನ್ನು ನೋಡುತ್ತಾರೆ, ಗಡಿಯಾರ ನೋಡುತ್ತಾರೆ, ಇನ್ನೊಂದು ಚೂರು ಕೊಡುತ್ತಾರೆ.

ಈ ಸಲ ನಸ್ರುಲ್ಲಾ ಒಲೆ ಹೊತ್ತಿಸುವ ಮೊದಲು ಕೂತು ಕೊಳವೆಯ ಒಳಮೈಗೆ ಬೆರಳಾಡಿಸಿ ನೋಡುತ್ತಾರೆ. ಆಮೇಲೆ ಎದ್ದು ಬಾಣಲೆಯ ತಳದ ಮಸಿ ಕೆರೆದು ನೀರಲ್ಲಿ ಕಲಸಿ ಕೊಳವೆಯ ಒಳತುದಿಗೆ ತೆಳ್ಳಗೆ ಬಳಿಯುತ್ತಾರೆ. ಮಸಿ ಇದ್ದಲ್ಲಿ ತವರ ಕೂರುವುದಿಲ್ಲ. ಕಲಾಯಿ ಹಾಕುವಾಗ ಮಸಿಯೇ ಶತ್ರು, ಅದನ್ನು ಉಜ್ಜಿ ತೆಗೆಯುವುದರಲ್ಲೇ ಅರ್ಧ ಆಯುಷ್ಯ ಕಳೆಯುತ್ತದೆ. ಇಂದು ಅದನ್ನೇ ಕರೆದು ಒಳಗೆ ಕಾವಲು ಕೂರಿಸಿದ್ದಾರೆ. ಉರಿಯನ್ನು ಕೊಳವೆಗೆ ತೋರಿಸದೆ ಹೊರಗಿನ ಪಟ್ಟಿಗೆ ಮಾತ್ರ ಹಿಡಿಯುತ್ತಾರೆ. ತವರ ಪಟ್ಟಿಯ ಅಂಚಿನ ಸುತ್ತ ಒಂದು ಎಳೆಯಾಗಿ ಹರಿದು ನಿಲ್ಲುತ್ತದೆ. ಆರಿದ ಮೇಲೆ ಮಸಿ ಒರೆಸಿದರೆ ಒಳಗೆ ತಾಮ್ರ ತಾಮ್ರವಾಗಿಯೇ ಇದೆ.

ಆಮೇಲೆ ನಿಜವಾದ ತುಂಡು. ಮಧ್ಯಾಹ್ನದ ಹೊತ್ತಿಗೆ ಅದು ಗೋಡೆಗೂ ಟವರಿಗೂ ನಡುವೆ ಬೋಲ್ಟು ಬಿಗಿಸಿಕೊಂಡು ಕೂತಿದೆ. ಸಂಜೀವಯ್ಯ ಕೋಣೆಯೊಳಗೆ ಹೋಗಿ ಅಲೆ ಬಿಡುತ್ತಾರೆ. ಹಿಂದಕ್ಕೆ ಬಡಿದು ಬರುವ ಅಲೆಯನ್ನು ತೋರಿಸುವ ಮುಳ್ಳು ತಳದಲ್ಲೇ ಒಂದಿಷ್ಟು ಅಲುಗಿ ಮಲಗುತ್ತದೆ. ಅವರು ಗುಂಡಿ ತಿರುಗಿಸಿ ಮತ್ತೆ ನೋಡುತ್ತಾರೆ, ಮಲಗಿಯೇ ಇದೆ. ಬಾಗಿಲ ಹೊರಗೆ ನಿಂತ ನಸ್ರುಲ್ಲಾ ಒಳಗೆ ಬರುವುದಿಲ್ಲ.

ಶಹಭಾಸ್ ಎಂಬ ಮಾತು ಬರುವುದಿಲ್ಲ, ಸಂಜೀವಯ್ಯ ಆ ಜಾತಿಯ ಅಧಿಕಾರಿಯಲ್ಲ. ಹೊರಗೆ ಬಂದವರು ನೇರ ಜೀಪಿನ ಹಿಂದಕ್ಕೆ ಹೋಗಿ ಗೋಣಿತಾಟಿನಲ್ಲಿ ಸುತ್ತಿದ ಉದ್ದದ ಗಂಟೊಂದನ್ನು ತಾವೇ ಎತ್ತಿ ತಂದು ನಸ್ರುಲ್ಲಾ ಅವರ ಕೈಗೆ ಕೊಡುತ್ತಾರೆ. ಪಾವಗಡದ ಸ್ಟೇಷನ್ನಿನ ತುಂಡು, ಅಲ್ಲೂ ಹೀಗೇ ಆಗಬೇಕು ಎನ್ನುತ್ತಾರೆ. ಇನ್ನೂ ಪಟ್ಟಿ ಕೂರದ ಹೊಸ ತಾಮ್ರ, ಆರು ಸಾವಿರದ್ದು. ನಸ್ರುಲ್ಲಾ ಅದನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಾರೆ.

ಜೀಪು ಇಳಿದು ಹೋದ ಮೇಲೆ, ಖುಷಿಯಾಯಿತೇ ಎಂದು ಕೇಳಿದರೆ ನಸ್ರುಲ್ಲಾ ಕೈಯಲ್ಲಿದ್ದ ಕೊಳವೆಯನ್ನು ಕಟ್ಟೆಯ ಮೇಲೆ ಮಲಗಿಸುತ್ತಾರೆ. ಅದನ್ನು ಮತ್ತೆ ಗೋಣಿತಾಟಿನಲ್ಲಿ ಸುತ್ತಿ ದಾರ ಕಟ್ಟುತ್ತಾರೆ.

"ಬಾಯಲ್ಲಿ ಹೊಗಳ್ದೋರು ನಾಳೆ ಮರ್ತುಬುಡ್ತಾರೆ. ಇವ್ರು ಎರಡ್ನೇ ಪೈಪು ತಂದು ಕೈಗಿಟ್ರು ನೋಡಿ. ಪಾವಗಡಕ್ಕೆ ನಾನೇ ತಗೊಂಡೋಗ್ತೀನಿ ಸಾರ್ ಅಂದೆ. ಮತ್ತಿನ್ಯಾರು ತಗೊಂಡೋಗ್ತಾರೆ ಅಂದ್ರು."